ಅಂತರ್ಮುಖಿ ಸೊಸೆ

ಹೊಸನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಚಂದ್ರನಾಥಯ್ಯನವರ ಮಗಳು ಯಶೋಧಾ ನಕ್ಕಳೆಂದರೆ ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತವರು ತಿರುಗಿ ನೋಡುತ್ತಿದ್ದರು. ಉಬ್ಬಿಸಿ ಹೇಳಿದ ಮಾತಲ್ಲ ಇದು, ಬೇಕಾದರೆ ಆ ಕಾಲದ ಕಂಡಕ್ಟರುಗಳನ್ನು ಕೇಳಿ. ತಾಯಿಯಿಲ್ಲದ ಹುಡುಗಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬೆಳೆದವಳು. ಬಂದ ಗಿರಾಕಿಗಳಿಗೆಲ್ಲ ಒಂದೊಂದು ಮಾತು ಎಸೆದು, ನಗಿಸಿ, ಬೇಡವೆಂದವರ ಕೈಗೂ ಒಂದು ರವಿಕೆ ಕಣ ಕೊಟ್ಟು ಕಳಿಸುತ್ತಿದ್ದಳು. ಚಂದ್ರನಾಥಯ್ಯ ಬಾಯಲ್ಲಿ ಗದರಿಸಿದರೂ ಒಳಗೊಳಗೇ ಹಿಗ್ಗುತ್ತಿದ್ದರು.

ಅರವತ್ತಮೂರನೇ ಇಸವಿಯಲ್ಲಿ ಅವಳು ಉಪಾಧ್ಯಾಯರ ತರಬೇತಿಗೆಂದು ಸಾಗರಕ್ಕೆ ಹೋದಳು. ಅಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದವರು ಮಂಜುನಾಥಪ್ಪ ಮೇಷ್ಟ್ರು. ಒಂದು ದಿನ ಅವರು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳನ್ನು ಹಂಚಿ, ಇದು ವ್ಯಕ್ತಿತ್ವ ಪರೀಕ್ಷೆ, ಓದಿಕೊಂಡು ಬರುವ ಪರೀಕ್ಷೆ ಅಲ್ಲ, ನಿಮ್ಮ ಮನಸ್ಸಿಗೆ ಕಂಡಂತೆ ‘ಹೌದು’ ಅಥವಾ ‘ಇಲ್ಲ’ ಅಂತ ಬರೆಯಿರಿ ಎಂದರು. ಅಪರಿಚಿತರೊಡನೆ ನೀವಾಗಿಯೇ ಮಾತು ತೆಗೆಯುತ್ತೀರಾ? ಜನ ಸೇರಿದ ಕಡೆ ನಿಮಗೆ ಉಲ್ಲಾಸವಾಗುತ್ತದೆಯೇ? ಒಬ್ಬರೇ ಇರುವುದು ನಿಮಗೆ ಹಿತವೇ? ಹೀಗೇ ಎರಡು ಪುಟದ ತುಂಬ. ಒಳಗೇ ಇರುವವರು ಅಂತರ್ಮುಖಿ, ಹೊರಗೆ ಬೆರೆಯುವವರು ಬಹಿರ್ಮುಖಿ, ನಡುವಿನವರು ಉಭಯಮುಖಿ.

ಫಲಿತಾಂಶ ಬಂದ ಸಂಜೆ ಹಾಸ್ಟೆಲಿನಲ್ಲಿ ನಡೆದ ಗಲಾಟೆ ಕೇಳಬೇಡಿ. ನಿಂದೆಷ್ಟು, ನಂದೆಷ್ಟು, ಅಯ್ಯೋ ನೀನೂ ಉಭಯವಾ, ಎಂದು ಹುಡುಗಿಯರು ಕೋಣೆಯಿಂದ ಕೋಣೆಗೆ ಓಡಿದ್ದೇ ಓಡಿದ್ದು. ತರಗತಿಗೆಲ್ಲ ದೊಡ್ಡ ಬಹಿರ್ಮುಖಿ ಯಶೋಧಾ. ದೊಡ್ಡ ಅಂತರ್ಮುಖಿ ಅವಳ ಪಕ್ಕದ ಹಾಸಿಗೆಯ ತುಂಗಮ್ಮ, ತೀರ್ಥಹಳ್ಳಿ ಕಡೆಯ ಗೌಡರ ಮನೆಯವಳು.

“ಪರೀಕ್ಷೆ ಬೇರೆ ಬೇಕಿತ್ತಾ ಮಾರಾಯ್ತಿ?” ಎಂದಳು ತುಂಗಮ್ಮ. “ನಿನ್ನ ಬಾಯಿ ಕಟ್ಟಿದ್ರೆ ಮೂಗಲ್ಲಿ ಮಾತಾಡ್ತೀಯ ನೀನು.”

ಇದು ಒಳ್ಳೆಯದು ಅದು ಕೆಟ್ಟದ್ದು ಅಂತ ಇಲ್ಲಮ್ಮ, ಎರಡೂ ಬೇಕು ಲೋಕಕ್ಕೆ ಎಂದು ಮೇಷ್ಟ್ರು ಮರುದಿನ ಬಿಡಿಸಿ ಹೇಳಿದರು. ಯಾರ ಕಿವಿಗೂ ಅದು ಬೀಳಲಿಲ್ಲ.

ಆ ದಸರಾ ರಜೆಯಲ್ಲಿ ಊರಿಗೆ ಬಂದ ಯಶೋಧಾ ಅಂಗಡಿಯಲ್ಲಿ ಕೂತಿದ್ದಾಗ ತೆಳ್ಳಗೆ, ಎತ್ತರಕ್ಕೆ ಒಬ್ಬರು ಬಂದರು. ಕೋಟಿನ ತೋಳಿಗೆ ಸೀಮೆಸುಣ್ಣ ಮೆತ್ತಿಕೊಂಡಿತ್ತು. ನೆಲ ನೋಡಿಕೊಂಡೇ “ಷರ್ಟಿಗೆ ಮೂರು ಗಜ” ಎಂದರು.

“ಗಜ ಎಲ್ಲ ಕಾಡಿಗೆ ಹೋದವು ಮೇಷ್ಟ್ರೇ, ಈಗ ಮೀಟರ್ರು” ಎಂದಳು ಯಶೋಧಾ. “ಮಕ್ಕಳಿಗೆ ನೀವೇ ಹೇಳಿಕೊಡ್ತೀರಿ, ನೀವೇ ಮರೀತೀರಿ. ಬೆಂಚಿನ ಮೇಲೆ ನಿಲ್ಲಿಸ್ಬೇಕಾ?”

ಅವರಿಗೆ ನಗು ತಡೆಯಲಾಗಲಿಲ್ಲ. ನಗುವ ಅಭ್ಯಾಸವಿಲ್ಲದವರು ನಗುವಂತೆ, ಮೊದಲು ಕೆಮ್ಮಿ, ಆಮೇಲೆ ನಕ್ಕರು. ಯಶೋಧಾಳ ಎದೆಯಲ್ಲಿ ಏನೋ ಹಗುರವಾಯಿತು. ಈ ಮನುಷ್ಯನನ್ನು ದಿನಾ ಹೀಗೆ ನಗಿಸುವ ಕೆಲಸ ತನಗೆ ಸಿಕ್ಕಿದರೆ ಸಾಕು ಎಂದು ಆಗಲೇ, ಬಟ್ಟೆ ಅಳೆಯುತ್ತಲೇ, ಅವಳಿಗೆ ಅನಿಸಿಹೋಯಿತು.

ಒಂದು ತಿಂಗಳೂ ಕಳೆದಿರಲಿಲ್ಲ, ಚಂದ್ರನಾಥಯ್ಯ ಬಸ್ಸು ಹತ್ತಿ ಸಾಗರಕ್ಕೆ ಬಂದರು. ಹಾಸ್ಟೆಲಿನ ಜಗಲಿಯಲ್ಲಿ ಮಗಳನ್ನು ಕೂರಿಸಿಕೊಂಡು ಪಿಸುದನಿಯಲ್ಲಿ ಹೇಳಿದರು.

“ತೀರ್ಥಹಳ್ಳಿಯಿಂದ ಮಾತು ಬಂದದೆ ಮಗಾ. ಹೈಸ್ಕೂಲ್ ಮೇಷ್ಟ್ರು, ಜಿನದತ್ತ ಅಂತ. ನಮ್ಮ ಅಂಗಡಿಗೂ ಬಂದಿದ್ರಂತೆ. ಮನೇಲಿ ತಾಯಿ, ಮಗ ಇಬ್ಬರೇ. ಆದ್ರೆ ಆಯಮ್ಮ, ಶಾಂತಮ್ಮ ಅಂತ, ಜಾತಕ ಕೇಳಿದ್ರು.”

ಜಾತಕ ಎಲ್ಲಿಂದ ಬರಬೇಕು? ಯಶೋಧಾ ಹುಟ್ಟುತ್ತಲೇ ತಾಯಿ ತೀರಿಕೊಂಡರು. ಆ ಗೋಳಿನಲ್ಲಿ ಗಡಿಯಾರ ನೋಡುವ ಎಚ್ಚರ ಮನೆಯಲ್ಲಿ ಯಾರಿಗಿತ್ತು. ದಿನ ಗೊತ್ತು, ಗಳಿಗೆ ಗೊತ್ತಿಲ್ಲ.

“ಆ ಹುಡುಗನೇ ಒಂದು ದಾರಿ ಹೇಳಿದ್ನಂತೆ” ಎಂದರು ಚಂದ್ರನಾಥಯ್ಯ. “ಜಾತಕ ಇಲ್ದಿದ್ರೇನಾಯ್ತು, ಈಗ ಸ್ವಭಾವ ಕಂಡುಹಿಡಿಯೋ ಪರೀಕ್ಷೆ ಬಂದದೆ, ಅದನ್ನೇ ಇಟ್ಟು ನೋಡುವ ಅಂತ. ಆಯಮ್ಮನೂ ಒಪ್ಪಿದಾರೆ. ಆದ್ರೆ ಅದೂ ಗಣ ನೋಡಿದ ಹಾಗೇ ಆಗ್ಬೇಕಂತೆ. ಇಬ್ಬರದ್ದೂ ಒಂದೇ ಬಂದ್ರೆ ಸರಿ, ಬೇರೆ ಬಂದ್ರೆ ಬೇಡವೇ ಬೇಡ ಅಂದಿದಾರೆ. ಹುಡುಗಂದು ಎಂಥದೋ ಅಂತರ್ಮುಖಿ ಅಂತ ಬಂದದ್ಯಂತೆ. ನಿಂದೂ ಅದೇ ಅಲ್ವಾ?”

ಅಲ್ಲ, ಯಾವ ಪುಸ್ತಕದಲ್ಲಿ ಬರೆದಿದೆ ಹೀಗೆ? ದೇವಗಣಕ್ಕೆ ದೇವಗಣ, ರಾಕ್ಷಸಗಣಕ್ಕೆ ರಾಕ್ಷಸಗಣ ಎಂದು ತಲೆತಲಾಂತರದಿಂದ ಕೂಡಿಸಿ ನೋಡಿದ ಜನ, ವಿಲಾಯತಿಯಿಂದ ಬಂದ ಪರೀಕ್ಷೆಯನ್ನೂ ತಂದು ಅದೇ ಮಣೆಯ ಮೇಲೆ ಕೂರಿಸಿದರು. ಯಶೋಧಾಗೆ ಇದು ತಪ್ಪೆಂದು ಗೊತ್ತಿತ್ತು. ಮೇಷ್ಟ್ರ ಮಾತೂ ನೆನಪಿತ್ತು. ಆದರೆ ಅಪ್ಪ ಆಸೆಗಣ್ಣಿನಿಂದ ಅವಳ ಮುಖವನ್ನೇ ನೋಡುತ್ತಿದ್ದರು. ಕಣ್ಣ ಮುಂದೆ ಕೆಮ್ಮಿ ನಕ್ಕ ಆ ಮುಖ ಬೇರೆ.

“ಹೌದಪ್ಪಯ್ಯ, ಅದೇ” ಎಂದಳು.

ಅವತ್ತಿನಿಂದ ಅವಳು ತುಂಗಮ್ಮನನ್ನು ಓದತೊಡಗಿದಳು. ಹೌದು, ಪಾಠ ಓದಿದಂತೆಯೇ.

“ತುಂಗಾ, ಮನೆಗೆ ನೆಂಟರು ಬಂದ್ರೆ ನೀನು ಎಂಥ ಮಾಡ್ತೀಯ?”

“ಒಳಗೆ ಹೋಗ್ತೀನಿ.”

“ಒಳಗೆ ಹೋಗಿ?”

“ಅವರು ಯಾವಾಗ ಹೊರಡ್ತಾರೆ ಅಂತ ಕಾಯ್ತೀನಿ.”

ಯಶೋಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಆ ಉತ್ತರವನ್ನು ಬಾಯಿಪಾಠ ಮಾಡಿದಳು.

ಹೆಣ್ಣು ನೋಡುವ ದಿನ ಹಾಡಿಸಲಿಲ್ಲ, ನಡೆಸಲಿಲ್ಲ. ಚಾಪೆಯ ಮೇಲೆ ಶಾಂತಮ್ಮ ಎರಡು ತಟ್ಟೆ ಇಟ್ಟುಕೊಂಡು ಕೂತರು. ಪಕ್ಕದಲ್ಲಿ ಒಂದು ರಾಶಿ ಅಡಿಕೆ. ಮಗ ಪ್ರಶ್ನೆ ಓದಬೇಕು, ಹುಡುಗಿ ಉತ್ತರಿಸಬೇಕು, ಉತ್ತರ ಮಗನದಕ್ಕೆ ಕೂಡಿದರೆ ಬಲದ ತಟ್ಟೆಗೆ ಅಡಿಕೆ, ಕೂಡದಿದ್ದರೆ ಎಡದ್ದಕ್ಕೆ. ನೆರೆದಿದ್ದ ಹೆಂಗಸರಿಗೆಲ್ಲ ಇದು ಹೊಸ ತಮಾಷೆ. ಜಿನದತ್ತ ಹಾಳೆ ಹಿಡಿದು ಶಾಲೆಯ ದನಿಯಲ್ಲಿ ಶುರುಮಾಡಿದ.

“ಅಪರಿಚಿತರೊಡನೆ ನೀವಾಗಿಯೇ ಮಾತು ತೆಗೆಯುತ್ತೀರಾ?”

“ಇಲ್ಲ.”

“ಒಬ್ಬರೇ ಇರುವುದು ನಿಮಗೆ ಹಿತವೇ?”

“ಹೌದು.”

ಬಲದ ತಟ್ಟೆಯಲ್ಲಿ ಅಡಿಕೆ ಬೀಳುತ್ತ ಹೋಯಿತು. ಶಾಂತಮ್ಮನ ಮುಖ ಅರಳುತ್ತ ಬಂತು. ಜಿನದತ್ತನ ದನಿ ಮಾತ್ರ ಯಾಕೋ ಇಳಿಯುತ್ತ ಇಳಿಯುತ್ತ ಕೊನೆಕೊನೆಗೆ ಕೇಳಿಸದಂತಾಯಿತು. ನಾಚಿಕೆ ಇರಬೇಕು, ಪಾಪ, ಎಂದುಕೊಂಡಳು ಯಶೋಧಾ.

“ಗಟ್ಟಿಯಾಗಿ ನಗುವುದು ನಿಮಗೆ ಇಷ್ಟವೇ?”

“ಇಲ್ಲ.”

ಅವನು ತಲೆಯೆತ್ತಿ ಅವಳನ್ನು ನೋಡಿದ. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಓದಿದ. ಅವಳು ಸೆರಗಿನ ತುದಿ ನೋಡಿಕೊಂಡು ಇನ್ನೊಮ್ಮೆ “ಇಲ್ಲ” ಎಂದಳು. ಎಡದ ತಟ್ಟೆ ಹೆಚ್ಚುಕಮ್ಮಿ ಬರಿದಾಗಿಯೇ ಉಳಿಯಿತು. ಹೊಂಬುಜದ ಬಸದಿಗೆ ಹೋಗಿ, ಅಮ್ಮನವರ ಬಲಗಡೆಯಿಂದ ಹೂ ಬೀಳುತ್ತದೋ ಎಂದು ಕೇಳಿಬಿಡುವ ಎಂದು ಚಂದ್ರನಾಥಯ್ಯ ಹೇಳಿದರೆ, “ಇನ್ನೆಂಥಕ್ಕೆ? ಇಷ್ಟು ಕೂಡಿದ ಜೋಡಿ ಎಲ್ಲಿ ಸಿಗ್ತದೆ?” ಎಂದುಬಿಟ್ಟರು ಶಾಂತಮ್ಮ. ಆ ವರ್ಷದ ಬೇಸಿಗೆಗೆ ತರಬೇತಿಯೂ ಮುಗಿಯಿತು, ಮದುವೆಯೂ ಆಯಿತು.

ತೀರ್ಥಹಳ್ಳಿಯ ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನೀವು ಸುಮ್ಮನೆ ಅತ್ತೆಯನ್ನು ಶಪಿಸುತ್ತೀರಿ. ಶಾಂತಮ್ಮ ಸೊಸೆಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಹೊತ್ತು ಮುಳುಗುವ ಮೊದಲೇ ಮೂವರ ಊಟ ಮುಗಿಯುತ್ತಿತ್ತು. ಆಮೇಲೆ ಅತ್ತೆ ಜಪಮಾಲೆ ಹಿಡಿಯುತ್ತಿದ್ದರು, ಗಂಡ ಪುಸ್ತಕ ಹಿಡಿಯುತ್ತಿದ್ದ. ಯಶೋಧಾ ದೀಪದ ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂರುತ್ತಿದ್ದಳು. ಮಾತು ಗಂಟಲವರೆಗೆ ಬರುತ್ತಿತ್ತು. ಬಂದದ್ದನ್ನು ನುಂಗುತ್ತಿದ್ದಳು.

ಮೊದಮೊದಲು ಅದು ಬರೀ ನಟನೆ. ತುಂಗಾ ನದಿಗೆ ಬಟ್ಟೆ ಒಗೆಯಲು ಹೋದಾಗ ಬಂಡೆಯ ಹತ್ತಿರ ಒಬ್ಬಳೇ ಮಾತಾಡಿ, ನಕ್ಕು, ಹಗುರವಾಗಿ ಬರುತ್ತಿದ್ದಳು. ನಿಜ ಹೇಳಿಬಿಡಲೇ ಎಂದು ಎಷ್ಟೋ ಸಲ ಅನಿಸಿತು. ಹೇಗೆ ಹೇಳುವುದು? ಶಾಂತಮ್ಮ ಬಂದವರ ಮುಂದೆಲ್ಲ “ನಮ್ಮ ಸೊಸೆಗೆ ಬಾಯಿ ಉಂಟೋ ಇಲ್ವೋ ಅಂತ ನೋಡ್ಬೇಕು, ಅಂಥಾ ಹುಡುಗಿ. ಪರೀಕ್ಷೆ ಮಾಡಿಯೇ ತಂದಿದ್ದು” ಎಂದು ಹೊಗಳುತ್ತಿದ್ದರು. ಸುಳ್ಳು ಬಯಲಾದರೆ ಅಪ್ಪಯ್ಯನ ಮರ್ಯಾದೆ ಏನಾಗಬೇಕು? ಗಂಡನಾದರೂ ಏನೆಂದುಕೊಂಡಾನು? ತನ್ನಂಥವಳೇ ಬೇಕೆಂದು ಅಡಿಕೆ ಎಣಿಸಿ ಕಟ್ಟಿಕೊಂಡವನಲ್ಲವೇ ಅವನು?

ಒಮ್ಮೆ ನೆಂಟರ ಮನೆಯಲ್ಲಿ ಯಾರೋ ಏನೋ ಹೇಳಿದ್ದಕ್ಕೆ ತಡೆಯಲಾರದೆ ಅವಳು ಜೋರಾಗಿ ನಕ್ಕುಬಿಟ್ಟಳು. ಶಾಂತಮ್ಮ ಗಾಬರಿಯಿಂದ ಎದ್ದುಬಂದು ಅವಳ ಹಣೆ ಮುಟ್ಟಿ ನೋಡಿದರು. “ಜ್ವರ ಗಿರ ಬಂತಾ ಮಗಾ?” ಎಂದರು. ಅದರಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಬರೀ ಅಕ್ಕರೆ. ಬೈದಿದ್ದರೆ ಎದುರುಮಾತಾದರೂ ಆಡಬಹುದಿತ್ತು. ಅಕ್ಕರೆಗೆ ಏನು ಹೇಳುವುದು? ಯಶೋಧಾ ಮತ್ತೆ ಹಾಗೆ ನಗಲಿಲ್ಲ. ಹೊಳೆಯ ಬಂಡೆಯ ಹತ್ತಿರದ ಮಾತೂ ಯಾವಾಗಲೋ ನಿಂತುಹೋಯಿತು. ನಿಂತದ್ದು ಅವಳಿಗೇ ತಿಳಿಯಲಿಲ್ಲ.

ಮೂರನೆಯ ವರ್ಷ ತುಂಗಮ್ಮ ನೋಡಲು ಬಂದಳು. ಮದುವೆಯಾಗಿ, ಟೀಚರಮ್ಮನಾಗಿ, ಅವಳೇ ಈಗ ನಾಲ್ಕು ಮಾತು ಕಲಿತಿದ್ದಳು. ಕಾಫಿ ಕುಡಿದಳು, ಕೋಡುಬಳೆ ತಿಂದಳು, ಗೆಳತಿ ಈಗ ನಗುತ್ತಾಳೆ, ಇನ್ನೇನು ನಗುತ್ತಾಳೆ ಎಂದು ಕಾದಳು. ಹೊರಟಾಗ ಬೇಲಿಯ ಬಾಗಿಲ ಹತ್ತಿರ ಯಶೋಧಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ನಿಜ ಹೇಳೇ, ಹೊಡೀತಾರಾ?”

“ಛೆ, ಇಲ್ಲ.”

“ಬೈತಾರಾ?”

“ಇಲ್ಲಪ್ಪ.”

“ಮತ್ತೆಂಥ ಬಂತೇ ನಿಂಗೆ? ನಂಗೆ ಹೆದರಿಕೆ ಆಗ್ತದೆ ನಿನ್ನ ನೋಡಿದ್ರೆ.”

“ಪಾಸಾಗಿದೀನಿ ಕಣೆ, ಅಷ್ಟೇ” ಎಂದಳು ಯಶೋಧಾ. ತುಂಗಮ್ಮ ಅಳುತ್ತಲೇ ಬಸ್ಸಿಗೆ ನಡೆದಳು.

ಮರುವರ್ಷ ಶಾಂತಮ್ಮ ನಾಲ್ಕು ದಿನ ಮಲಗಿ ತೀರಿಕೊಂಡರು. ಕರ್ಮಾಂತರವೆಲ್ಲ ಕಳೆದು, ಬಂದ ನೆಂಟರು ಹೋಗಿ, ಮನೆ ಖಾಲಿಯಾದ ಒಂದು ಸಂಜೆ. ಬೆಳಕಿರುವಾಗಲೇ ಊಟ ಮುಗಿಸಿ ಜಿನದತ್ತ ಜಗಲಿಯಲ್ಲಿ ಕೂತಿದ್ದ. ಪುಸ್ತಕ ಬಿಚ್ಚಿರಲಿಲ್ಲ. ಬತ್ತಿಯ ಹತ್ತಿ ಹಿಡಿದು ಅವಳು ಬಂದು ಕೂತಾಗ ಅವನೇ ಮಾತು ತೆಗೆದ. ಅಪರೂಪವದು.

“ಅಪ್ಪ ಹೋದ ಮೇಲೆ ಈ ಮನೇಲಿ ಅಮ್ಮ, ನಾನು ಇಬ್ಬರೇ. ಕೆಲವು ದಿನ ಒಂದು ಮಾತೂ ಇಲ್ದೆ ಹೊತ್ತು ಹೋಗ್ತಿತ್ತು. ನನಗೆ ಮಾತು ಬರೋದಿಲ್ಲ, ಅಮ್ಮನಿಗೆ ಬೇಕಿರಲಿಲ್ಲ. ಯಾರಾದ್ರೂ ಒಬ್ಬರು ನಗೋರು ಬರ್ಲಿ ಅಂತ ಭಾಳ ಆಸೆಯಿತ್ತು ನನಗೆ” ಎಂದ.

ಯಶೋಧಾಳ ಕೈಯಲ್ಲಿದ್ದ ಬತ್ತಿ ನಿಂತಿತು.

“ನಿಮ್ಮ ಅಂಗಡೀಲಿ ನಿನ್ನ ನೋಡಿದಾಗ, ಇವಳೇ ಅಂದ್ಕೊಂಡೆ. ಪರೀಕ್ಷೆ ಮಾಡುವ ಅಂದಿದ್ದೂ ಅದಕ್ಕೇ. ನಿಂದು ಖಂಡಿತ ಬೇರೆ ಬರ್ತದೆ, ಬಂದ ಮೇಲೆ ಬೇರೆ ಬೇರೆ ಇದ್ರೇ ಒಳ್ಳೇದು ಅಂತ ಪುಸ್ತಕ ತೋರಿಸಿ ಅಮ್ಮನ್ನ ಒಪ್ಪಿಸುವ ಅಂತಿದ್ದೆ. ಆದ್ರೆ ನಿಂದೂ ನಂದೇ ಬಂತು. ಅಂಗಡೀಲಿ ನಕ್ಕಿದ್ದು ವ್ಯಾಪಾರಕ್ಕೆ ಅಂತ ಗೊತ್ತಾಯ್ತು. ಅಷ್ಟು ಜನರೆದುರು ನಿನ್ನ ಬೇಡ ಅನ್ನೋಕೆ ನಿನ್ನ ತಪ್ಪಾದ್ರೂ ಎಂಥದು? ಸ್ವಭಾವ ಅದು. ಬೇಜಾರು ಮಾಡ್ಕೋಬೇಡ, ಅಮ್ಮ ಇರೋವರೆಗೆ ಇದನ್ನೆಲ್ಲ ಹೇಳೋ ಹಾಗಿರಲಿಲ್ಲ.”

“ಸುಳ್ಳು” ಎಂದಳು ಯಶೋಧಾ. “ಅವತ್ತು ನಾನು ಹೇಳಿದ್ದೆಲ್ಲ ಸುಳ್ಳು. ನಿಮಗೆ ಕೂಡಬೇಕು ಅಂತ ಸುಳ್ಳು ಹೇಳಿದೆ. ನಾನು ಹೀಗಲ್ಲ.”

ಜಿನದತ್ತ ಅವಳ ಕಡೆ ತಿರುಗಿ ಮೆಲ್ಲಗೆ ನಕ್ಕ. ನಂಬದವನ ನಗು ಅದು, ಆದರೆ ಎಷ್ಟು ಕನಿಕರ ಅದರಲ್ಲಿ!

“ನನ್ನ ಸಮಾಧಾನಕ್ಕೆ ಹೇಳ್ತಿದೀಯ. ನಾಲ್ಕು ವರ್ಷದಿಂದ ನೋಡ್ತಾ ಇಲ್ವಾ ನಾನು?”

“ಅಲ್ಲ, ಕೇಳಿ” ಎಂದು ಅವಳು ಹತ್ತಿ ಕೆಳಗಿಟ್ಟಳು. ಏನಾದರೂ ಹೇಳಬೇಕು, ಈಗಲೇ ನಗಿಸಬೇಕು. ಬೆಳಿಗ್ಗೆ ನಡೆದದ್ದು ನೆನಪಾಯಿತು. “ಬೆಳಿಗ್ಗೆ ಗಿರಿಯಪ್ಪನ ಎಮ್ಮೆ ಕ್ಷೌರದ ಅಂಗಡಿಗೆ ನುಗ್ಗಿತು. ಅಲ್ಲಿ ಅಮಲ್ದಾರ್ರು ಕೂತಿದ್ರು. ಅರ್ಧ ಗಡ್ಡ ಆಗಿತ್ತು. ಎಮ್ಮೆ... ಎಮ್ಮೆ ಕನ್ನಡಿ ನೋಡಿತು. ಆಮೇಲೆ ಅವರು ಹೊರಗೆ ಓಡಿದ್ರು. ಎಲ್ಲರೂ ನಕ್ಕರು.”

ಹೊಸನಗರದ ಅಂಗಡಿಯಲ್ಲಾಗಿದ್ದರೆ ಈ ಎಮ್ಮೆಯೊಂದರಿಂದಲೇ ಅವಳು ಸಂತೆಯನ್ನೇ ನಿಲ್ಲಿಸುತ್ತಿದ್ದಳು. ಈಗ ಮಕ್ಕಳು ಪಾಠ ಒಪ್ಪಿಸಿದಂತೆ ಒಂದೊಂದೇ ವಾಕ್ಯ ಬಂತು. ನಗಬೇಕಾದ ಜಾಗದಲ್ಲಿ ಬಾಯಿ ತೆರೆದಳು. ದನಿ ಬರಲಿಲ್ಲ. ಇನ್ನೊಮ್ಮೆ ನೋಡಿದಳು. ಎಲ್ಲಿಂದ ಬರುತ್ತಿತ್ತು ಅದು ಮೊದಲು ಎಂಬುದೇ ಅವಳಿಗೆ ಮರೆತುಹೋಗಿತ್ತು.

ಜಿನದತ್ತ ತರಗತಿಯಲ್ಲಿ ತಡವರಿಸುವ ಮಕ್ಕಳ ಮಾತು ಕೇಳುವಂತೆ ತಾಳ್ಮೆಯಿಂದ ಕೇಳಿದ. ಆಮೇಲೆ ಅವಳ ಬೆನ್ನ ಮೇಲೆ ಕೈಯಿಟ್ಟ.

“ಸಾಕು ಬಿಡು ಯಶೋಧಾ” ಎಂದ. “ಬರದೇ ಇದ್ದದ್ದಕ್ಕೆ ಅಷ್ಟು ಕಷ್ಟಪಡಬೇಡ.”