ದ ಬಾರದ ಬೆಳಗು

೧.

ಎಲ್ಲಿಂದ ಶುರು ಮಾಡಲಿ? ಬೆಟ್ಟ ಬೂದಿ ಕಾರಿದ್ದರಿಂದ ಶುರು ಮಾಡಿದರೆ ನೀವು ಹೆದರಿ ಪುಟ ತಿರುಗಿಸುತ್ತೀರಿ. ಬೂದಿಯ ಭಾರಕ್ಕೆ ಚಿಬುಂಗೂರ್ ಶಾಲೆಯ ಮಾಡು ಕುಸಿದದ್ದರಿಂದ ಶುರು ಮಾಡಿದರೆ ಅಳುಮುಂಜಿ ಕಥೆಯಾಗುತ್ತದೆ. (ಯಾರಿಗೂ ಏನೂ ಆಗಲಿಲ್ಲ ಮಾರಾಯ್ರೆ. ಬೆಂಚುಗಳಿಗಷ್ಟೇ ಪೆಟ್ಟು.) ಮೊದಲ ಡ್ರಾಫ್ಟಿನಲ್ಲಿ, "ಜಾವಾದ ಆ ಗುಡ್ಡದ ಮೇಲೆ ಗಾಢ ಮೌನ ಆವರಿಸಿತ್ತು" ಅಂತ ಬರೆದಿದ್ದೆ. ಬು ಕೋಕೊಮ್ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮೌನವಂತೆ ಮೌನ! ನಮ್ಮೂರಲ್ಲಿ ಕೋಳಿ ಕೂಡ ಬಾಯಿ ಮುಚ್ಚಲ್ಲ. ಹರಿದು ಹಾಕು ಅದನ್ನ."

ಹರಿದು ಹಾಕಿದೆ. ಬು ಕೋಕೊಮ್ ಆ ಶಾಲೆಯ ಹೆಡ್ ಟೀಚರು, ಸಂಗೀತದ ಟೀಚರೂ ಅವರೇ. (ಬು ಅಂದರೆ ಅಲ್ಲಿಯವರ ಬಾಯಲ್ಲಿ ಅಮ್ಮ, ಮೇಡಂ.) ಮೈಕೈ ತುಂಬಿಕೊಂಡ ಹೆಂಗಸು. ತಾನು ನನ್ನ ಕಥೆಯ ಪಾತ್ರ ಅನ್ನುವುದನ್ನು ಮಾತ್ರ ಸುತರಾಂ ಒಪ್ಪುವುದಿಲ್ಲ.

೨.

ಬೂದಿ ಉದುರಲು ಶುರುವಾದಾಗ ದೊಡ್ಡ ಮಕ್ಕಳು ಆಂಕ್ಲುಂಗ್ ಅಭ್ಯಾಸದಲ್ಲಿದ್ದರು. ಅದು ಬಿದಿರಿನ ವಾದ್ಯ, ಅಲ್ಲಾಡಿಸಿದರೆ ಗಲಗಲ ನುಡಿಯುತ್ತದೆ. ಆದರೆ ಒಂದಕ್ಕೆ ಒಂದೇ ಸ್ವರ. ಒಬ್ಬಳ ಕೈಯಲ್ಲಿ ಸ, ಇನ್ನೊಬ್ಬನ ಕೈಯಲ್ಲಿ ರಿ, ಹೀಗೆ. (ಅವರು ಸ್ವರಕ್ಕೆ ಏನೇ ಹೆಸರಿಡಲಿ, ನಮಗೆ ಸರಿಗಮ ಸಾಕು.)

"ಕೈಯಲ್ಲಿರೋದನ್ನ ತಲೆ ಮೇಲೆ ಹಿಡ್ಕೊಂಡು ಮನೆಗೆ ಓಡ್ರೋ!" ಅಂತ ಬು ಕೋಕೊಮ್ ಕೂಗಿದರು. ಅವರ ಲೆಕ್ಕದಲ್ಲಿ ಬ್ಯಾಗು. ಮಕ್ಕಳ ಕೈಯಲ್ಲಿದ್ದದ್ದು ಆಂಕ್ಲುಂಗ್. ಸಂಜೆ ಹೊತ್ತಿಗೆ ಶಾಲೆಯ ಸಂಗೀತವೆಲ್ಲ ಗುಡ್ಡದ ತುಂಬ ಮನೆಗೊಂದು ಸ್ವರದಂತೆ ಚೆಲ್ಲಾಪಿಲ್ಲಿ.

೩.

(ಇಲ್ಲಿ ಬೂದಿಯ ವರ್ಣನೆ ಇತ್ತು. ಚೆನ್ನಾಗಿರಲಿಲ್ಲ, ತೆಗೆದೆ.)

೪.

ಆ ರಾತ್ರಿ ಶಾಲೆಯ ಮಾಡಿನ ಜೊತೆ ಫೋನಿನ ಟವರೂ ಮಲಗಿತು. ಮಾರನೇ ಬೆಳಿಗ್ಗೆ ಬು ಕೋಕೊಮ್ ಅಂಗಳದಲ್ಲಿ ನಿಂತು, ಮಕ್ಕಳು ಹೇಗಿದ್ದಾರೋ ಏನೋ ಅಂತ ಕೈ ಹಿಸುಕಿಕೊಳ್ಳುತ್ತಿದ್ದಾಗ ಕೆಳಗಿನ ಮನೆಯಿಂದ ಸ ಕೇಳಿಸಿತು. ಸ್ವಲ್ಪ ಹೊತ್ತಿಗೆ ಆಚೆ ಗದ್ದೆಯಿಂದ ರಿ. ಆಮೇಲೆ ಗ. ಅವರ ಕಣ್ಣಲ್ಲಿ ನೀರೇ ಬಂತು.

ಅಂದಿನಿಂದ ದಿನಾ ಬೆಳಿಗ್ಗೆ ಅದೇ ಹಾಜರಿಯಾಯಿತು, ಒಬ್ಬರದು ಆದ ಮೇಲೆ ಇನ್ನೊಬ್ಬರದು. ಚಿಕ್ಕ ಮಕ್ಕಳು ತಮಗೆ ಹತ್ತಿರದ ಸ್ವರದ ಮನೆಗೆ ಬಂದು ಸೇರುತ್ತಿದ್ದರು, ಅಲ್ಲೇ ಪಾಠ. ಬು ಕೋಕೊಮ್ ದಿನಾ ಒಂದೊಂದು ಮನೆಗೆ. ಹೆಂಗಸರು ಹಾಜರಿ ಕೇಳಿ ಅಕ್ಕಿ ಇಡುವುದು, ಗಂಡಸರು ಹಾಜರಿ ಮುಗಿದ ಮೇಲೆ ಕೋಸಿನ ಹೊಲಕ್ಕೆ ಇಳಿಯುವುದು ರೂಢಿಯಾಯಿತು.

೫.

ಒಂದು ಬೆಳಿಗ್ಗೆ ಸ ಬಂತು, ರಿ ಬಂತು, ಗ, ಮ, ಪ. ದ ಬರಲಿಲ್ಲ.

ದ ಅಂದರೆ ಲಿಲಿಸ್. ಮೂಲೆ ಬೆಂಚಿನ ಹುಡುಗಿ, ಕೇಳಿದ್ದಕ್ಕೆ ತಲೆಯಾಡಿಸುವುದೇ ಉತ್ತರ. ಕಥೆಗೆ ಇರಲಿ ಅಂತ ನಾನು ಅವಳಿಗೆ ಜ್ವರ ಬರಿಸೋಣ ಅಂದುಕೊಂಡೆ.

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಬೈದು, ಬು ಕೋಕೊಮ್ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಏದುಸಿರು ಬಿಡುತ್ತಾ ಹೋಗಿ ನೋಡಿದರೆ, ಲಿಲಿಸ್ ಹೊಸ ಲಂಗ ತೊಟ್ಟು ಬಾಗಿಲಲ್ಲಿ ಕೂತಿದ್ದಾಳೆ. ಪಕ್ಕದಲ್ಲಿ ಸೂಟ್‌ಕೇಸು. ಅಪ್ಪ ಇಯೊಸ್ ಅದಕ್ಕೆ ಹಗ್ಗ ಬಿಗಿಯುತ್ತಿದ್ದಾನೆ.

"ಬಾಂಡುಂಗ್ ಪೇಟೆಗೆ, ಬು. ಅವಳ ಚಿಕ್ಕಮ್ಮನ ಮನೆ. ಮುಚ್ಚಿದ ಶಾಲೆ ನಂಬ್ಕೊಂಡು ಎಷ್ಟು ದಿನ ಕೂರೋದು?"

"ಮಾಡು ಹಾಕಿಸ್ತೀವಿ ಕಣಯ್ಯಾ."

"ಹಾಕಿಸಿ. ಬೇರೆ ಮಕ್ಕಳಿದಾರಲ್ಲ. ಇವಳೊಬ್ಬಳು ಇಲ್ದಿದ್ರೆ ಯಾರಿಗೆ ಗೊತ್ತಾಗುತ್ತೆ?"

ಬು ಕೋಕೊಮ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇಂದು ಇವಳು, ನಾಳೆ ಇನ್ನೊಬ್ಬಳು. ಮಾಡು ಬರುವ ಹೊತ್ತಿಗೆ ಅದರಡಿ ಕೂರಲು ಮಕ್ಕಳೇ ಇರುವುದಿಲ್ಲ.

"ಬಾಯ್ಮುಚ್ಚಿ ಸ್ವಲ್ಪ ಕೇಳಿಸ್ಕೊ," ಅಂದರು.

ಏನೂ ಕೇಳಿಸಲಿಲ್ಲ. ಅದೇ ವಿಷಯ. ಇಷ್ಟೊತ್ತಿಗೆ ನಿ ಬಾರಿಸಬೇಕಿದ್ದ ಚೆಚೆಪ್ ಬಾರಿಸಿರಲಿಲ್ಲ. ಆಚೆ ದಿಬ್ಬದಿಂದ ಅವನ ಕೂಗು ಮಾತ್ರ ಬಂತು: "ಲಿಲೀಸ್! ಕೈ ಎತ್ಕೊಂಡು ಎಷ್ಟೊತ್ತೇ ನಿಲ್ಲೋದು? ನೀನು ಬಾರಿಸದೆ ನಾನು ಬಾರಿಸಲ್ಲ, ಹೇಳಿದೀನಿ!"

ಕೆಳಗಿನಿಂದ ಯಾರೋ ಅಜ್ಜಿ: "ಏ ದ! ನಮ್ಮನೇಲಿ ಇನ್ನೂ ಅಕ್ಕಿ ಇಟ್ಟಿಲ್ಲ ಕಣೇ!"

ಹೊಲದ ಬದಿಯಲ್ಲಿ ಗುದ್ದಲಿ ಹಿಡಿದ ಗಂಡಸರು ಇತ್ತಲೇ ನೋಡುತ್ತಾ ನಿಂತಿದ್ದರು. ಇಯೊಸ್ ಹಗ್ಗ ಕೈಬಿಟ್ಟ.

"ಇಷ್ಟೂ ಜನ... ನಮ್ ಹುಡುಗಿಗಾ?"

೬.

ಈಗ ಮುಕ್ತಾಯ. ಎರಡು ಬರೆದು ನೋಡಿದೆ. ಒಂದು: ಅಪ್ಪ ಕಣ್ಣೀರು ಸುರಿಸಿ ಮಗಳನ್ನು ತಬ್ಬಿಕೊಂಡ. ("ನಾನು ಅಳೋನಲ್ಲ," ಅಂತ ಇಯೊಸ್ ತಕರಾರು.) ಎರಡು: ಲಿಲಿಸ್ ಆಂಕ್ಲುಂಗ್ ಕಿತ್ತುಕೊಂಡು ಓಡಿದಳು. ("ಅಪ್ಪನ ಕೈಯಿಂದ ಕಿತ್ಕೊಳ್ಳಲ್ಲ," ಅಂದಳು ಲಿಲಿಸ್. ಕಥೆಯಲ್ಲಿ ಅವಳಾಡಿದ ಮೊದಲ ಮಾತು. ಎರಡನ್ನೂ ಅಳಿಸಿದೆ.)

ಆದದ್ದು ಇಷ್ಟೇ. ಆಂಕ್ಲುಂಗ್ ಸೂಟ್‌ಕೇಸಿನ ತಳದಲ್ಲಿತ್ತು. ಇಯೊಸ್ ಹಗ್ಗ ಬಿಚ್ಚಿ ಅಂಗಿ, ಲಂಗ, ಸ್ವೆಟರು ಎಲ್ಲ ಚಾಪೆ ಮೇಲೆ ಹಾಕಿ ತೆಗೆದುಕೊಡಬೇಕಾಯಿತು. ಲಿಲಿಸ್ ಅಂಗಳಕ್ಕಿಳಿದು ಬಾರಿಸಿದಳು. ದ ಮುಗಿಯುವ ಮೊದಲೇ ಚೆಚೆಪ್‌ನ ನಿ ಅದರ ಮೈಮೇಲೆ ಬಿತ್ತು. ಗುಡ್ಡವೆಲ್ಲ ಹೋ ಅಂತ ಕೂಗಿತು.

೭.

ಬಾಂಡುಂಗಿಗೆ ಹೋಗುವ ಗಾಡಿ ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯುತ್ತಿದೆ. ಇಯೊಸ್ ಚಾಪೆಯ ಮೇಲಿನ ಬಟ್ಟೆ ನೋಡುತ್ತಾನೆ, ಗಾಡಿ ನೋಡುತ್ತಾನೆ. ಬು ಕೋಕೊಮ್ ಖಾಲಿ ಸೂಟ್‌ಕೇಸಿನ ಮುಚ್ಚಳ ಹಾಕಿ, ಅದರ ಮೇಲೆ ದೊಪ್ಪನೆ ಕೂತರು.

"ಒಂದು ಲೋಟ ಟೀ ಮಾಡಯ್ಯಾ ಇಯೊಸ್. ನಡೆದು ಬಂದು ಸುಸ್ತಾಗಿದೆ."

ಇಯೊಸ್ ಒಳಗೆ ಹೋದ. ನಾನು ಮೆಲ್ಲಗೆ ಕೇಳಿದೆ, "ಬು, ಏಳ್ತೀರಾ? ಅವಳು ಹೋದಳೋ ಉಳಿದಳೋ ಬರೆದು ಕಥೆ ಮುಗಿಸ್ಬೇಕು. ಓದುಗರು ಕಾಯ್ತಿದಾರೆ."

"ಕಾಯ್ಲಿ. ನಾನು ಎದ್ರೆ ಅವನು ಬಟ್ಟೆ ತುಂಬ್ತಾನೆ."

ಟೀ ಬಂತು. ಇನ್ನೊಂದು ಲೋಟ ಕೇಳಿದ್ದಾರೆ.