ಮಡಚುವ ಸಲಿಕೆ

ಬ್ಯಾಡಗಿಯ ಕಮ್ಮಾರ ಅಂಜಿನಪ್ಪನಿಗೆ ಕೆಟ್ಟ ಸಾಮಾನು ಕಂಡರೆ ಮೈ ಉರಿಯುತ್ತಿತ್ತು. ಕೆಟ್ಟ ಮನುಷ್ಯನನ್ನು ಕಂಡರೂ ಅಷ್ಟು ಉರಿಯುತ್ತಿರಲಿಲ್ಲ. ಮನುಷ್ಯ ತಾನಾಗಿ ಕೆಡುತ್ತಾನೆ, ಸಾಮಾನನ್ನು ಯಾರೋ ಕೂತು ಕೆಡಿಸಿರುತ್ತಾರೆ ಎಂಬುದು ಅವನ ವಾದ. ಹಾಗಾಗಿ ಮಿಲಿಟರಿಯಿಂದ ರಜೆಗೆ ಬಂದ ಅಕ್ಕನ ಮಗ ವಿಜಯಮಹಾಂತೇಶ ಗೋಣಿತಾಟು ಬಿಚ್ಚಿ ಮುಂದಿಟ್ಟ ಆ ಮಡಚುವ ಸಲಿಕೆಯನ್ನು ಎರಡು ಸಲ ತೆರೆದು ಮುಚ್ಚಿ ನೋಡಿದವನೇ ಕುಲುಮೆಯ ಅಡಿಗಲ್ಲಿನ ಮೇಲೆ ಧಡ್ ಎಂದು ಒಗೆದ.

“ಇದನ್ನ ಮಾಡಿದವನ ಕೈ ಸೇದಿ ಹೋಗ್ಲಿ. ಕೀಲಿಗೆ ತಿರುಪು ಹಚ್ಯಾನಲ್ಲೋ ಮಾಂತ್ಯಾ! ಮಣ್ಣಾಗ ಆಡೋ ಸಾಮಾನಕ್ಕ ಯಾವ ಮಗಾ ತಿರುಪು ಹಚ್ತಾನ?”

“ಪರದೇಶದ್ದು ಮಾಮಾ. ಪಠಾಣಕೋಟದ ಗುಜರಿ ಸಂತ್ಯಾಗ ತಗೊಂಡೆ. ಭಾಳ ಚೊಲೊ ಐತಿ ಅಂದ್ರು.”

“ಅಂದವನ್ನ ಕರಕೊಂಡು ಬಾ, ನಾ ಕೇಳ್ತೇನಿ.”

ಮಹಾಂತೇಶ ನಕ್ಕ. ಕಾರ್ಗಿಲ್ ಲಡಾಯಿ ಮುಗಿದು ನಾಲ್ಕನೇ ವರ್ಷ ಅದು. ಅವನ ಪಲ್ಟನ್ನು ಈಗ ಗುಡ್ಡದ ಮೇಲಿತ್ತು. ಅಲ್ಲಿ ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತವೆ, ಹಾಕಿಕೊಂಡರೆ ತಿರುಪು ಬಿಗಿಯಾಗುವುದಿಲ್ಲ. ಅರ್ಧ ಬಿಗಿದ ತಿರುಪಿನೊಳಗೆ ಮರಳು ಹೊಕ್ಕು, ಅಗೆಯುತ್ತಿದ್ದಾಗಲೇ ಅಲಗು ಸಡಿಲಾಗಿ ಕೈ ಮೇಲೆ ಮಡಚಿಕೊಳ್ಳುತ್ತದೆ. ಅವನು ಬಲಗೈ ಹೆಬ್ಬೆರಳು ತೋರಿಸಿದ. ಉಗುರು ಉದ್ದಕ್ಕೆ ಸೀಳಿ, ಬೆಳೆದು, ಎರಡು ಹೋಳಾಗಿತ್ತು.

“ಅವ್ವಗ ಬಾಗಲಾ ಬಡೀತು ಅಂತ ಹೇಳೇನಿ. ನೀನೂ ಹಂಗ ಹೇಳು.”

“ಮೊದಲ ನಿನಗ ಏನ ಬೇಕು ಅದನ್ನ ಹೇಳು.”

“ಬೆನ್ನಿಗೆ ಕಟ್ಟಿಕೊಳ್ಳೋಹಂಗ ಮಡಚಬೇಕು. ಕೈಗವಸಿನಾಗ, ಒಂದ ಕೈಲೆ ತಗೀಬೇಕು. ಅಲಗು ಅಡ್ಡ ನಿಂತ್ರ ಗುದ್ದಲಿ ಆಗಬೇಕು, ನೆಟ್ಟಗ ನಿಂತ್ರ ಸಲಿಕಿ. ಮತ್ತ...” ಅವನು ಬೀದಿಯ ಕಡೆ ನೋಡಿ ದನಿ ಇಳಿಸಿದ. “ಬಂದೂಕು ಎತ್ತಾಕ ಜಾಗಾ ಇಲ್ಲದಷ್ಟು ಹತ್ರ ಯಾರರೆ ಬಂದ್ರ, ಕೈಯಾಗ ಇದೊಂದ ಇರ್ತೈತಿ.”

“ಎಷ್ಟ ಹತ್ರ?”

“ಅವಾ ಮುಂಜಾನೆ ಏನ ತಿಂದಾನ ಅನ್ನೂದು ವಾಸನೀಲೆ ತಿಳೀಬೇಕು, ಅಷ್ಟ.”

ಕುಡಗೋಲು, ಕಳೆ ತೆಗೆಯುವ ಕುರ್ಚಿಗೆ, ಕೊಡಲಿ, ನೇಗಿಲ ಕುಡ ಬಡಿಯುತ್ತಲೇ ಅಂಜಿನಪ್ಪನ ಅರ್ಧ ಆಯುಷ್ಯ ಸವೆದಿತ್ತು. ಮುಚ್ಚಬೇಕಾದಾಗ ಮುಚ್ಚುವ, ಮುಚ್ಚಬಾರದಾಗ ಎಷ್ಟು ಬಡಿದರೂ ಮುಚ್ಚದ ಕೀಲು ಹೇಗಿದ್ದೀತು ಎಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ. ಎದುರಿಗೆ ಬರುವ ಆ ಮನುಷ್ಯನ ಯೋಚನೆಗಿಂತ ಕೀಲಿನ ಯೋಚನೆಯೇ ಅವನ ತಲೆಗೆ ಮೊದಲು ಹೊಕ್ಕಿತು. ಕಮ್ಮಾರನ ತಲೆ, ಅದಕ್ಕೇನು ಮಾಡುವುದು?

“ಯಾವಾಗ ಹೊಂಟಿ?”

“ಅಮಾಸಿ ಮರುದಿನ, ಹಾವೇರಿಂದ ಗಾಡಿ.”

“ಅಷ್ಟರಾಗ ತಿರುಪಿಲ್ಲದ್ದು ಮಾಡಿಕೊಡ್ತೇನಿ. ಅದು ನಿನ್ನ ಕೈ ಮ್ಯಾಲ ಮುಚ್ಚಿತು ಅಂದ್ರ ನನ್ನ ಕಮ್ಮಾರ ಅನಬ್ಯಾಡ.”

ಹೀಗೆ ಮಾತು ಕೊಟ್ಟಾಯಿತು. ಹುಡುಗನ ಹೆಬ್ಬೆರಳು ಈ ಸಲ ಬರೀ ಸೀಳಿತ್ತು. ಮುಂದಿನ ಸಲ ಅಲಗು ಮಡಚಿಕೊಳ್ಳುವುದು ಯಾವ ಗಳಿಗೆಯಲ್ಲೋ, ಎದುರಿಗೆ ಯಾರಿದ್ದಾಗಲೋ.

ಮರುದಿನ ಅಂಜಿನಪ್ಪ ರಾಣೆಬೆನ್ನೂರಿಗೆ ಹೋದ. ಹಲಗೇರಿ ರಸ್ತೆಯ ಬದಿಗೆ ಯೂಸುಫಸಾಬನ ಗುಜರಿ ಅಂಗಡಿ. ಲಾರಿಗಳ ಕೆಳಗೆ ಭಾರ ಹೊರುವ ಉಕ್ಕಿನ ಪಟ್ಟಿ, ಅಂದರೆ ಪಾಟಾ, ಅವನಲ್ಲಿ ಗುಡ್ಡೆ ಬಿದ್ದಿರುತ್ತಿತ್ತು.

“ಬರ್ರಿ ಕಮ್ಮಾರ್ರ, ಕುಂದರ್ರಿ. ಇವತ್ತ ಯಾರ ಮ್ಯಾಲ ಸಿಟ್ಟು?”

“ನಿನ್ನ ಮ್ಯಾಲ. ಹ್ವಾದ ಸಲ ಕೊಟ್ಟ ಪಾಟಾ ಬೆಣ್ಣಿ ಇದ್ದಂಗಿತ್ತು.”

“ಹಂಗಾದ್ರ ರೊಟ್ಟಿಗೆ ಹಚ್ಚಿಕೊಂಡು ತಿನ್ನಬೇಕಿತ್ತಲ್ಲ, ಯಾಕ ಬಡಿಯಾಕ ಹೋದ್ರಿ?”

ಯೂಸುಫಸಾಬ ಒಂದೊಂದೇ ಪಟ್ಟಿಯನ್ನು ಕಲ್ಲಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಒಂದನ್ನು ಎಳೆದು ಹಾಕಿದ. “ಇದನ್ನ ಒಯ್ರಿ. ನಿಮ್ಮೂರ ಮೆಣಸಿನಕಾಯಿ ಲಾರೀದು. ಕಾಯಿ ಹಗುರ, ಹೇರಿದ್ದು ಮುಗಿಲಿನ ಮಟ. ತೂಗಾಡಿ ತೂಗಾಡಿ ಪಾಟಾ ಪಕ್ಕಾ ಆಗೇತಿ. ಏನ ಮಾಡಾವ್ರು?”

ಅಂಜಿನಪ್ಪ ಹೇಳಿದ. ಯೂಸುಫಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಖರೇ ಹೇಳ್ರಿ, ಕಲ್ಲಿಗೆ ಬಡದು ಬಡದು ಬಾಯಿ ಮೊಂಡ ಆದ ಸಲಿಕೀಲೆ ಲಡಾಯಿ ಹೆಂಗ ಮಾಡ್ತಾನ ಹುಡುಗ? ಮೊಂಡ ಕುಡಗೋಲ್ಲೆ ಜ್ವಾಳಾನ ಬರೂದಿಲ್ಲ.”

“ದಿನಾ ಮಸೀತಾನ.”

“ದಿನಾ ಮಸದ್ರ ವರ್ಷದಾಗ ಚಮಚಾ ಆಗ್ತೈತಿ.”

ಸಿಟ್ಟು ಬಂತು, ಆದರೆ ಮಾತು ಸರಿಯಾಗಿತ್ತು. ಇಬ್ಬರೂ ಚಹಾ ಕುಡಿಯುತ್ತ ನೆಲದ ಮೇಲೆ ಮೊಳೆಯಿಂದ ಗೀರಿ ಗೀರಿ ನೋಡಿದರು. ಅಲಗಿನ ತುದಿ ಮಣ್ಣಿಗೆ ಇರಲಿ, ಮೊಂಡಾದರೆ ಆಗಲಿ. ಎಡಮಗ್ಗುಲು ದಪ್ಪಗಿರಲಿ, ಅಂಗೈ ಇಟ್ಟು ಒತ್ತಲು ಬೇಕು. ಬಲಮಗ್ಗುಲಿಗೆ ಕೊಡಲಿಯ ಹರಿತ. ಅದು ಮಣ್ಣು ಮುಟ್ಟುವುದೇ ಇಲ್ಲ, ಹೇಗೆ ಮಸೆದಿಟ್ಟರೆ ಹಾಗೇ ಇರುತ್ತದೆ.

“ಮೂತಿ ಭೂಮಿಗೆ, ಮಗ್ಗಲಾ ಮನಿಷ್ಯಾಗ,” ಎಂದ ಯೂಸುಫಸಾಬ. ಅಂದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿ, “ತೌಬಾ, ತೌಬಾ,” ಎಂದು ಗಲ್ಲ ಬಡಿದುಕೊಂಡ.

ಊರಿಗೆ ಬಂದವನೇ ಅಂಜಿನಪ್ಪ ಮಹಾಂತೇಶನನ್ನು ಕುಲುಮೆಯ ಹಿಂದಿನ ಬಯಲಿಗೆ ಕರೆದೊಯ್ದು, “ಅಲ್ಲಿ ಹೆಂಗ ಅಗೀತಿ, ತೋರಿಸು,” ಎಂದ. ಹುಡುಗ ಹೊಟ್ಟೆ ಅಡಿಯಾಗಿ ಮಲಗಿ, ಗದ್ದ ನೆಲಕ್ಕೆ ಹಚ್ಚಿ, ಅಡ್ಡ ನಿಲ್ಲಿಸಿದ ಸಲಿಕೆಯಿಂದ ಮಣ್ಣನ್ನು ತನ್ನ ಎದೆಯ ಕಡೆ ಎಳೆದುಕೊಂಡು ತೋರಿಸಿದ. ತಲೆ ಎತ್ತಿದರೆ ಗುಂಡು ಬೀಳುವ ಜಾಗದಲ್ಲಿ ಹಾಗೇ ಅಗೆಯಬೇಕಂತೆ. ದಾರಿಯಲ್ಲಿ ಹೊರಟಿದ್ದ ಹೆಂಗಸೊಬ್ಬಳು “ಅಯ್ಯ, ಹುಡುಗಗ ಏನ ಬಡೀತೋ?” ಎಂದು ಸೆರಗು ಬಾಯಿಗೆ ಹಚ್ಚಿಕೊಂಡಳು.

“ತಿಳೀತು. ಎಳೆಯೂದು,” ಎಂದ ಅಂಜಿನಪ್ಪ. “ಏಳು.”

ಏನೂ ತಿಳಿದಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಮುಂದಿನ ದಿನಗಳಲ್ಲಿ ಅವನು ಗಿರಾಕಿಗಳನ್ನು ಬೈದು ಕಳಿಸಿದ್ದೇ ಹೆಚ್ಚು. ಒಬ್ಬ ರೈತನ ಕುರ್ಚಿಗೆ ಮಾತ್ರ ಬಡಿದು ಮುಗಿಸಿ, ನೀರಿಗೆ ಹಾಕಿ, ತೆಗೆದು ನೆಲದ ಮೇಲಿಟ್ಟ. ರೈತ ಬಗ್ಗಿ ಎತ್ತಿಕೊಂಡು ಹಣೆಗೆ ಹಚ್ಚಿದ. ಅಂಜಿನಪ್ಪನ ಮನೆತನದಲ್ಲಿ ಹರಿತದ ಸಾಮಾನನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕಮ್ಮಾರ ಭೂಮಿಯ ಮೇಲೆ ಇಡುತ್ತಾನೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಅಲ್ಲಿಂದಾಚೆ ಅದು ಬೆಳೆ ಕೊಯ್ಯಲಿ, ಬೆರಳು ಕೊಯ್ಯಲಿ, ಪಾಪ ಪುಣ್ಯ ಎತ್ತಿಕೊಂಡವರದು.

ತಿರುಪಿನ ಬದಲು ಅಂಜಿನಪ್ಪ ಅಲಗಿನ ಬುಡಕ್ಕೆ ತಡೆಯಾಗಿ ಉಬ್ಬಿದ ಒಂದು ಗಟ್ಟಿ ಗಲ್ಲ ಬಿಟ್ಟಿದ್ದ. ಅಡ್ಡವಾಗಲಿ, ನೆಟ್ಟಗಾಗಲಿ, ಹಿಡಿಕೆಯ ಕಾವು ಹಿಡಿದು ಎಳೆದಷ್ಟೂ ಆ ಗಲ್ಲ ಕಾವಿನ ಮೂತಿಗೆ ಒತ್ತಿಕೊಂಡು ಇನ್ನಷ್ಟು ಬಿಗಿಯಾಗುತ್ತಿತ್ತು. ಬಯಲಿನ ಗರಸು ಮಣ್ಣನ್ನು ಎಳೆದೆಳೆದು ನೋಡಿದ. ಮಿಸುಕಲಿಲ್ಲ. ಅಷ್ಟೊತ್ತಿಗೆ ಅಕ್ಕ ಮಂಗಳವ್ವ ರೊಟ್ಟಿಯ ಗಂಟು ಹೊತ್ತು ಬಂದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಿಂದ ನೇರ ಬಂದಿದ್ದಳು, ಬೆರಳೆಲ್ಲ ಕೆಂಪು.

“ಏನೋ ಅಂಜಿನ್ಯಾ, ಆಟಿಗಿ ಸಾಮಾನ ಮಾಡೀಯೇನ?”

“ನಿನ್ನ ಮಗಗ ಅಗಿಯಾಕ ಅಕ್ಕಾ.”

“ಚಂದ ಐತಿ. ಕಸಾ ತಗಿಯಾಕ ನನಗೂ ಒಂದ ಮಾಡು.”

ಮಹಾಂತೇಶ ಅದನ್ನು ಕೈಗೆತ್ತಿಕೊಂಡ. ಕುಲುಮೆಯ ಗೋಡೆಗೆ ಉರಿ ಹಚ್ಚಲಿಕ್ಕೆಂದು ಮೆಣಸಿನ ತೊಟ್ಟು ತುಂಬಿದ ಚೀಲ ಒರಗಿಸಿಟ್ಟಿತ್ತು. ಅವ್ವ ನಿಂತಿದ್ದಾಳೆಂಬುದನ್ನು ಮರೆತನೋ ಏನೋ, ಅವನು ಎರಡು ಹೆಜ್ಜೆ ಓಡಿ, ಪಲ್ಟನ್ನಿನಲ್ಲಿ ಕಲಿಸಿದ ಪಟ್ಟಿನಂತೆ, ನೆಟ್ಟಗಿನ ಸಲಿಕೆಯನ್ನು ಚೀಲದ ಎದೆಗೆ ತಿವಿದ.

ಫಟ್ ಎಂದು ಅಲಗು ಹಿಂದಕ್ಕೆ ಮಡಚಿಕೊಂಡಿತು. ಚೀಲ ಹರಿದು ತೊಟ್ಟು, ಬೀಜ, ಕೆಂಪು ಪುಡಿ ಎಲ್ಲ ಒಮ್ಮೆಗೇ ಎದ್ದವು. ಮೂವರೂ ಕೆಮ್ಮುತ್ತ, ಸೀನುತ್ತ, ಕಣ್ಣೀರು ಸುರಿಸುತ್ತ ಬೀದಿಗೆ ಓಡಿದರು. ಸೀನುಗಳ ನಡುವೆ ಅಂಜಿನಪ್ಪ ಹುಡುಗನ ಕೈ ಹಿಡಿದು ತಿರುವಿ ನೋಡಿದ. ಬೆರಳು ಇದ್ದವು. ಬಲಮಗ್ಗುಲಿಗೆ ಇನ್ನೂ ಹರಿತ ಕೊಟ್ಟಿರಲಿಲ್ಲ, ಅದಕ್ಕೇ ಇದ್ದವು.

ಮಂಗಳವ್ವ ಕಣ್ಣು ಒರೆಸಿಕೊಂಡು ಮಗನ ಹೆಬ್ಬೆರಳನ್ನೇ ನೋಡುತ್ತ ನಿಂತಳು.

“ಬಾಗಲಾ ಅಂದಿದ್ದಿ.”

ಹುಡುಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

“ನೆಲಾ ಅಗಿಯಾವ್ರು ಹಂಗ ಓಡಿ ಹೋಗಿ ತಿವೀತಾರೇನು? ಯಾರಿಗಿದು? ಏ ಅಂಜಿನ್ಯಾ, ನೀ ಹೇಳು. ಅಷ್ಟ ಹತ್ರ ಬರ್ತಾರ ಅವರು?”

“ನಾ ಏನ ಹೇಳ್ಲಿ! ಬರಬ್ಯಾಡ ಅಂತ ನಾ ಅವರಿಗೆ ಸುದ್ದಿ ಕಳಸ್ಲೇನು?” ಅಂಜಿನಪ್ಪ ಒದರಿದ. ಅಕ್ಕನ ಮೇಲಿನ ಸಿಟ್ಟಲ್ಲ ಅದು, ತನ್ನ ಮೇಲಿನದು. ಬಿದ್ದ ಸಲಿಕೆಯನ್ನು ತಂದು ಕಟ್ಟೆಯ ಮೇಲೆ ಕೂತು ತಿರುವಿ ತಿರುವಿ ನೋಡಿದ. ಎಳೆದರೆ ಕಲ್ಲಿನಂತೆ ಗಟ್ಟಿ. ನೂಕಿದರೆ ತಡೆಯಲು ಆ ಕಡೆ ಏನೇನೂ ಇಲ್ಲ.

ಆಗ ಅವನಿಗೆ ಒಂದು ವಿಚಿತ್ರ ಹೊಳೆಯಿತು. ಕುಡಗೋಲನ್ನು ಎಳೆಯುತ್ತಾರೆ. ಕುರ್ಚಿಗೆಯನ್ನು ಎಳೆಯುತ್ತಾರೆ. ಗುದ್ದಲಿ, ಸಲಿಕೆಯಿಂದ ಮಣ್ಣನ್ನು ಕಾಲ ಕಡೆಗೆ ಎಳೆದುಕೊಳ್ಳುತ್ತಾರೆ. ನೇಗಿಲು, ಕುಂಟೆಯನ್ನು ಎತ್ತುಗಳು ಎಳೆಯುತ್ತವೆ. ಅಪ್ಪ, ಅಜ್ಜ, ತಾನು, ಮೂರು ತಲೆಮಾರಿನಲ್ಲಿ ಈ ಕುಲುಮೆಯಿಂದ ಮುಂದಕ್ಕೆ ನೂಕುವ ಒಂದೇ ಒಂದು ಸಾಮಾನು ಹೊರಗೆ ಹೋಗಿರಲಿಲ್ಲ. ತನ್ನ ಕೈಗೆ ನೂಕುವುದೇ ಗೊತ್ತಿಲ್ಲ!

“ಅಕ್ಕಾ, ನೂಕೂದನ್ನ ತಡಿಯೂದು ಮನ್ಯಾಗ ಏನ ಐತಿ?”

“ನನಗ್ಯಾಕ ಕೇಳ್ತಿ?” ಮಂಗಳವ್ವ ಮುಖ ತಿರುಗಿಸಿದಳು. ಆಮೇಲೆ ಮೂಗು ಸೇದುತ್ತ ಅಂದಳು: “ಸುಳ್ಳ ಹೇಳಿದ್ರೂ ಬಾಗಲದ ಸುಳ್ಳ ಹೇಳ್ಯಾನ. ನಮ್ಮ ಬಾಗಲಾ ಯಾರ ಕೈಯನ್ನೂ ಬಡಿಯೂದಿಲ್ಲ. ಅಗಳಿ ಹಾಕಿದ್ರ ಹೋರಿ ಬಂದು ಗುದ್ದಿದ್ರೂ ತಗಿಯೂದಿಲ್ಲ ಅದು.”

ಅಂಜಿನಪ್ಪ ಎದ್ದವನೇ ಚಪ್ಪಲಿ ಮೆಟ್ಟದೆ ಅಕ್ಕನ ಮನೆಗೆ ಓಡಿದ. ಹಳೆಯ ಬಾಗಿಲು, ಗೋಡೆಯೊಳಗಿಂದ ಸರಿದು ಅಡ್ಡ ಬರುವ ಮರದ ಅಗಳಿ. ಹಾಕಿದ, ತೆಗೆದ, ಹಾಕಿದ. ಹೊರಗೆ ನಿಂತು ನೂಕಲು ಮಹಾಂತೇಶನಿಗೆ ಹೇಳಿ ತಾನು ಒಳಗೆ ಅಗಳಿಗೆ ಅಂಗೈ ಹಚ್ಚಿ ನಿಂತ. ಹುಡುಗ ಭುಜ ಕೊಟ್ಟು ಗುದ್ದಿದಷ್ಟೂ ಅಗಳಿ ತನ್ನ ಗೂಡಿನಲ್ಲಿ ಒತ್ತಿ ಕೂರುತ್ತಿತ್ತು. ಆದರೆ ನೂಕುವುದನ್ನು ಬಿಟ್ಟರೆ ಒಂದೇ ಬೆರಳಿಗೆ ಸರಿಯುತ್ತಿತ್ತು. “ಇನ್ನೊಮ್ಮೆ ಗುದ್ದು! ಇನ್ನೊಮ್ಮೆ!” ಎಂದು ಒಳಗಿನಿಂದ ಕೂಗುತ್ತಲೇ ಇದ್ದ. ನೆರೆಯವರು ಮನೆಯಲ್ಲಿ ಜಗಳವೆಂದುಕೊಂಡರು.

ಅಮಾವಾಸ್ಯೆಯ ದಿನ ಮಧ್ಯಾಹ್ನಕ್ಕೆ ಹೊಸ ಕೀಲು ಆಯಿತು. ಎಳೆಯುವ ಕಡೆ ಹಳೆಯ ಗಲ್ಲ ಹಾಗೇ ಇತ್ತು. ನೂಕುವ ಕಡೆ ಕಾವಿನ ಗೂಡಿನಿಂದ ಸರಿದು ಬಂದು ಅಲಗಿನ ಬುಡದ ತೂತಿನಲ್ಲಿ ಕೂರುವ, ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಅಗಳಿ. ಕೈಗವಸು ಹಾಕಿದ ಬೆರಳಿಗೂ ಸಿಗುವಂತೆ ಅದಕ್ಕೊಂದು ಕೊಕ್ಕೆ. ಮರಳು ಹೊಕ್ಕರೆ ಸುರಿದುಹೋಗಲೆಂದು ಗೂಡಿನ ಅಡಿ ಖಾಲಿ. ಬಲಮಗ್ಗುಲಿಗೆ ಹರಿತ ಕೊಟ್ಟ. ಮುಂಗೈಯ ಕೂದಲು ಬೋಳಿಸಿ ನೋಡಿದ.

ಮಹಾಂತೇಶ ಕೈ ಚಾಚಿದ. ಅಂಜಿನಪ್ಪ ಕೊಡಲಿಲ್ಲ.

“ದೂರ ನಿಲ್ಲು. ಮಾತ ಕೊಟ್ಟಾವ ನಾ. ಮುಚ್ಚಿದ್ರ ನನ್ನ ಬೆರಳ ಹೋಗ್ಲಿ.”

“ಮಾಮಾ, ಹುಚ್ಚೇನ ನಿನಗ? ಹರಿತ ಕೊಟ್ಟೀದಿ!”

“ಹರಿತ ಇದ್ದಾಗ ನೋಡಬೇಕು. ಮೊಂಡ ಇದ್ದಾಗ ಯಾರರೆ ನೋಡ್ತಾರ.”

ಈ ಸಲ ಚೀಲದಲ್ಲಿ ಮಣ್ಣು ತುಂಬಿತ್ತು. ಅಂಜಿನಪ್ಪ ಓಡಿ ತಿವಿದ. ಡೊಳ್ಳು ಹೊಟ್ಟೆಯ ಮನುಷ್ಯ, ಓಟ ನಗೆ ಬರಿಸುವಂತಿತ್ತು, ಆದರೆ ಯಾರೂ ನಗಲಿಲ್ಲ. ಅಲಗು ಚೀಲದೊಳಗೆ ಬುಡದವರೆಗೂ ಹೋಗಿ ನಿಂತಿತು. ಭುಜ ಜುಮ್ಮೆಂದಿತು. ಮತ್ತೆ ತಿವಿದ. ಕಲ್ಲಿನ ಕಟ್ಟೆಗೂ ತಿವಿದ, ಕಿಡಿ ಹಾರಿತು. ಕೀಲು ಕದಲಲಿಲ್ಲ. ಕೊಕ್ಕೆಯನ್ನು ಬೆರಳಿಂದ ಹಿಂದೆ ಸರಿಸಿದರೆ ಪುಸ್ತಕ ಮುಚ್ಚಿದಂತೆ ಮುಚ್ಚಿತು.

ಅವನು ಅದನ್ನು ತೆರೆದು ನೆಲದ ಮೇಲಿಟ್ಟು ಹಿಂದೆ ಸರಿದ. ಮಹಾಂತೇಶ ಎತ್ತಿಕೊಳ್ಳಲು ಬಗ್ಗುವಷ್ಟರಲ್ಲಿ ಮಂಗಳವ್ವ ಅವನನ್ನು ಮೊಣಕೈಯಿಂದ ಸರಿಸಿ, ತಾನೇ ಬಗ್ಗಿ ಎತ್ತಿಕೊಂಡಳು.

“ಅಕ್ಕಾ! ಎತ್ತಿಕೊಂಡವರ ಪಾಲಿಗೆ ಹೋಗ್ತೈತಿ ಅದು. ನಿನಗ ಗೊತ್ತಿಲ್ಲೇನ?”

“ಈ ಮನ್ಯಾಗ ಹುಟ್ಟಿದಾಕಿ ನಾನು, ನನಗ ಹೇಳಾಕ ಬರ್ತಿ?” ಅವಳು ಸಲಿಕೆಯನ್ನು ಹಣೆಗೆ ಮುಟ್ಟಿಸಿದಳು. “ಇದು ಏನ ಮಾಡಿದ್ರೂ ನನ್ನ ಪಾಲಿಗೆ ಇರ್ಲಿ. ನನ್ನ ಕೂಸು ಬರೀ ಅಗೀಲಿ.” ಆಮೇಲೆ ಮಗನ ಕೈಗೆ, ಕೈಯಿಂದ ಕೈಗೆ, ಕೊಟ್ಟಳು. ಆ ಕುಲುಮೆಯಲ್ಲಿ ಹಾಗೆ ಕೊಟ್ಟದ್ದನ್ನು ಅಂಜಿನಪ್ಪ ಕಂಡದ್ದು ಅದೇ ಮೊದಲು.

ಮರುದಿನ ಹಾವೇರಿ ಸ್ಟೇಷನ್ನಿನಲ್ಲಿ ಗಾಡಿ ಬಂದು ನಿಂತಿತು. ಕಿಟಕಿಯ ಸರಳಿಗೆ ಮುಖ ಹಚ್ಚಿ ಅಂಜಿನಪ್ಪ, “ಲೇ ಮಾಂತ್ಯಾ, ಅವರ ಕಡೀದು ಸಲಿಕಿ ಎಲ್ಲೆರೆ ಬಿದ್ದದ್ದು ಸಿಕ್ರ, ಕೀಲ ಹೆಂಗ ಮಾಡ್ಯಾರ ಅನ್ನೂದನ್ನ ಸರಿಯಾಗಿ ನೋಡಿಕೊಂಡು ಬಾ. ತಿರುಪೋ, ಅಗಳಿಯೋ,” ಎಂದ.

“ನಿನ್ನ ಬಾಯಾಗ ಮಣ್ಣ ಹಾಕ!” ಎಂದು ಮಂಗಳವ್ವ ಅವನ ಬೆನ್ನಿಗೆ ಗುದ್ದಿದಳು. “ಅವರ ಸಲಿಕಿ ಸಿಗೂವಷ್ಟ ಹತ್ರ ನನ್ನ ಮಗಾ ಯಾಕ ಹೋಗಬೇಕು?”

ಗಾಡಿ ಹೋಯಿತು. ಬ್ಯಾಡಗಿಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಅಂಜಿನಪ್ಪ ಎದುರು ಸೀಟಿನ ಕಂಬಿಯ ಮೇಲೆ ಬೆರಳಿಂದ ಏನೋ ಗೀರುತ್ತಿದ್ದ. ಮಂಗಳವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಹಳ ಹೊತ್ತು ಆ ಬೆರಳನ್ನೇ ನೋಡಿದಳು.

“ಏ ಅಂಜಿನ್ಯಾ.”

“ಏನ?”

“ಆ ಕಡೀ ಕಮ್ಮಾರಗೂ ಒಬ್ಬಾಕಿ ಅಕ್ಕ ಇರ್ತಾಳ, ಹೌದಿಲ್ಲೋ?”

“ಇದ್ದರ ಇರ್ತಾಳ.”

“ಆಕಿ ಮನೀ ಬಾಗಲಕ್ಕ ಏನ ಇರ್ತೈತಿ ಅಂತಿ? ಅಗಳಿಯೋ, ಚಿಲಕೋ?”

ಅಂಜಿನಪ್ಪನ ಬೆರಳು ನಿಂತಿತು. ಬಸ್ಸು ಬ್ಯಾಡಗಿಯ ತಿರುವಿಗೆ ಬಂದು ಮೆಣಸಿನಕಾಯಿಯ ಘಾಟು ಕಿಟಕಿಯೊಳಗೆ ಹೊಗುವವರೆಗೂ ಅವನು ಅದನ್ನೇ ಯೋಚಿಸುತ್ತ ಕೂತಿದ್ದ.