ನಾಲ್ಕು ಹೂಂ

ತಪ್ಪು ಹುಡುಕುವುದೇ ನನ್ನ ಕೆಲಸ. ಟಿ. ದಾಸರಹಳ್ಳಿಯ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ಕ್ವಾಲಿಟಿ ವಿಭಾಗ ನನ್ನದು. ಡಬ್ಬಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿದು ಪಕ್ಕಕ್ಕಿಡುತ್ತೇನೆ. ಮೇಲಿನವರು ಕೂಗಾಡಿದರೂ ಬಿಡುವುದಿಲ್ಲ. ಅಂಥ ನಾನು ಎಂಟು ತಿಂಗಳು, ಪ್ರತಿ ಭಾನುವಾರ, ರವಿಕಿರಣನ ಪಕ್ಕದಲ್ಲೇ ಕೂತು ಬೆಣ್ಣೆ ಬನ್ನು ತಿಂದೆ, ಏನೂ ಕಾಣಲಿಲ್ಲ. ನೆನೆಸಿಕೊಂಡಾಗಲೆಲ್ಲ ಮೊದಲು ನನ್ನ ಮೇಲೇ ಉರಿಯುತ್ತದೆ. ಅವನ ಸರದಿ ಆಮೇಲೆ.

ನಾವು ನಾಲ್ವರು. ಬಾಲರಾಜ್ ಯಲಹಂಕದ ಹಳೇ ಊರಿನವನು, ಗಂಗಾನಗರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಜೀಷಾನ್ ಆರ್.ಟಿ. ನಗರದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ರವಿಕಿರಣ ಬಾಗಲಕೋಟೆ ಕಡೆಯವನು, ಹೆಬ್ಬಾಳದ ಒಂದು ಜಾಹೀರಾತು ಕಂಪನಿಯಲ್ಲಿ ಕನ್ನಡ ಬರೆಯುವ ನೌಕರಿ. ನಾನು ವನಿತಾ, ಜಾಲಹಳ್ಳಿಯವಳು. ಬೇರೆ ಯಾವ ದಾರಿಯಲ್ಲೂ ಎದುರಾಗದ ನಮ್ಮನ್ನು ಸೇರಿಸಿದ್ದು ನಾವು ‘ಕಡೆಯ ಕಕ್ಷೆ’ ಎಂದು ಕರೆಯುವ ಒಂದು ವಿದೇಶಿ ಕಾರ್ಟೂನು. ಕಾರ್ಟೂನು ಅಂದರೆ ಬಾಲರಾಜನಿಗೆ ಕೆಟ್ಟ ಕೋಪ ಬರುತ್ತದೆ, ಆನಿಮೇಷನ್ ಅನ್ನಬೇಕಂತೆ.

ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸುವ ಒಂದು ಲಡಕಾಸಿ ನೌಕೆ, ಅದನ್ನು ನಡೆಸುವ ಈರಾ ಎಂಬ ಹೆಂಗಸು, ಅವಳಿಗೆ ಜೊತೆಯಾಗಿ ಕೋಬು ಎಂಬ ಯಂತ್ರ. ಕಥೆ ಇಷ್ಟೇ. ಆದರೆ ಅದು ಮೂರು ಸೀಸನ್ನಾಗಿ, ಹಿಂದಿನ ಕಾಲದ ಕಥೆ ಹೇಳುವ ಇನ್ನೊಂದು ಸರಣಿಯಾಗಿ, ಎರಡು ಗೇಮಾಗಿ, ಕಾಮಿಕ್ಸು, ಬೊಂಬೆ, ಬನಿಯನ್ನಾಗಿ ಬೆಳೆದಿತ್ತು. ನಮ್ಮ ಜಗಳಗಳೂ ಅದರ ಜೊತೆಗೇ ಬೆಳೆದವು.

“ಆ ಹಳೇ ಕಾಲದ ಕಥೆ ಲೆಕ್ಕಕ್ಕಿಲ್ಲ ಗುರು. ಅದ್ರಲ್ಲಿ ಕೋಬು ಏಳನೇ ಯಂತ್ರ ಅಂತಾರೆ. ಮೊದಲ್ನೇ ಸೀಸನ್ನಲ್ಲಿ ಅದೇ ಬಾಯ್ಬಿಟ್ಟು ‘ನಾನೇ ಮೊದಲ್ನೇದು’ ಅನ್ನುತ್ತೆ” ಎಂದು ಬಾಲರಾಜ್ ಶುರು ಮಾಡುತ್ತಿದ್ದ.

“ಗೇಮಲ್ಲಿ ಅದಕ್ಕೆ ಉತ್ತರ ಇದೆ ಮಚ್ಚಾ” ಎಂದು ಜೀಷಾನ್.

“ಗೇಮೂ ಲೆಕ್ಕಕ್ಕಿಲ್ಲ.”

“ಯಾರ್ ಹೇಳಿದ್ದು?”

“ನಾನೇಳ್ತಾ ಇದೀನಲ್ಲ!”

ಆರು ವರ್ಷ ಹೀಗೇ ನಡೆಯಿತು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಬಾಲರಾಜನ ಅಂಗಡಿಯ ಮೇಲಿನ ಕೋಣೆಯಲ್ಲಿ, ತಾಮ್ರದ ತಂತಿಯ ಸುರುಳಿಗಳನ್ನು ಪಕ್ಕಕ್ಕೆ ತಳ್ಳಿ ಟಿ.ವಿ. ಮುಂದೆ ಕೂರುತ್ತಿದ್ದೆವು. ‘ಕಡೆಯ ಕಕ್ಷೆ’ ಕನ್ನಡದಲ್ಲಿ ಇರಲಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ನಾವೇ ಕನ್ನಡದ್ದು ಬರೆದು, ನಮ್ಮಂಥ ಇನ್ನೂರು ಮುನ್ನೂರು ಹುಚ್ಚರ ಗುಂಪಿಗೆ ಹಂಚುತ್ತಿದ್ದೆವು. ಅದಕ್ಕೆ ಇದ್ದದ್ದು ಒಂದೇ ನಿಯಮ. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಬೇಕು, ನಾಲ್ವರೂ ‘ಹೂಂ’ ಅನ್ನಬೇಕು. ಮೂರು ಹೂಂ ಬಂದು ಒಂದು ಬಾರದಿದ್ದರೆ ಆ ಸಾಲು ಮುಂದಿನ ಭಾನುವಾರಕ್ಕೆ ಹೋಗುತ್ತಿತ್ತು. ಒಬ್ಬರು ಬಾರದಿದ್ದರೆ ಅವತ್ತು ಕೆಲಸವೇ ಇಲ್ಲ, ಬರೀ ಬನ್ನು.

ಅತಿ ಹೆಚ್ಚು ಕಾಲ ತಿಂದದ್ದು ಎರಡೇ ಎರಡು ಸಾಲು. ಪ್ರತಿ ಕಂತಿನ ಕೊನೆಗೆ ಈರಾ ನೌಕೆಯಿಂದ ಇಳಿಯುವ ಮುನ್ನ ಕೋಬುವನ್ನು ‘ಬ್ಯಾಟರಿ ಎಷ್ಟಿದೆ?’ ಎಂದು ಕೇಳುತ್ತಾಳೆ. ಕೋಬು ‘ಸಾಕಷ್ಟಿದೆ. ನಿನಗೆ?’ ಎನ್ನುತ್ತದೆ. ಸಾಕಷ್ಟು ಇರುವುದಿಲ್ಲ ಎಂಬುದು ನೋಡುವವರಿಗೆ ಗೊತ್ತು, ಅದರ ಬೆನ್ನಿನ ಕೆಂಪು ದೀಪ ಮಿನುಗುತ್ತಿರುತ್ತದೆ. ಈರಾಳಿಗೆ ಕಾಣಬಾರದೆಂದು ಅದು ಸದಾ ಅವಳಿಗೆ ಎದುರಾಗಿಯೇ ನಿಂತಿರುತ್ತದೆ. ನಾವು ಏನು ಬರೆದರೂ ಕನ್ನಡದಲ್ಲಿ ಅದು ಮೆಕ್ಯಾನಿಕ್ಕಿನ ಮಾತಾಗುತ್ತಿತ್ತು. ಮೂರನೇ ವಾರ ನಾನು ನಮ್ಮಮ್ಮನ ವಿಷಯ ಹೇಳಿದೆ.

ಅಪ್ಪ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿದ್ದರು. ಮಧ್ಯಾಹ್ನ ಅಲ್ಲಿಂದ ಕ್ವಾರ್ಟರ್ಸಿನ ಪಕ್ಕದ ಮನೆಗೆ ಫೋನ್ ಮಾಡಿ, ಅಮ್ಮನನ್ನು ಕರೆಸಿ, “ಊಟ ಆಯ್ತಾ?” ಎಂದು ಕೇಳುತ್ತಿದ್ದರು. ಅಮ್ಮ “ಆಯ್ತು. ನಿಮ್ದು?” ಎನ್ನುತ್ತಿದ್ದಳು. ಕಾರ್ಖಾನೆಯಲ್ಲಿ ಸಂಬಳ ಸರಿಯಾಗಿ ಬಾರದ ಎರಡು ವರ್ಷ ಅಮ್ಮ ಮಧ್ಯಾಹ್ನ ಉಣ್ಣುತ್ತಲೇ ಇರಲಿಲ್ಲ. ಇದ್ದ ಅನ್ನವನ್ನು ನನಗೂ ತಮ್ಮನಿಗೂ ಬಡಿಸಿ, ಪಾತ್ರೆ ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೋಗಿ ಫೋನಿನಲ್ಲಿ “ಆಯ್ತು” ಅನ್ನುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಆ ಮೂವರಿಗೆ ಹೇಳಿದೆ. ಜೀಷಾನ್ ಕನ್ನಡಕ ತೆಗೆದು ಅಂಗಿಗೆ ಒರೆಸಿದ. ಬಾಲರಾಜ್ ಕಿಟಕಿ ಕಡೆ ತಿರುಗಿದ. ರವಿಕಿರಣ “ಹೂಂ” ಅಂದ. ಮೊದಲ ಹೂಂ ಅವನದೇ.

ಅಂದಿನಿಂದ ನಮ್ಮ ಕನ್ನಡದಲ್ಲಿ ಈರಾ ‘ಊಟ ಆಯ್ತಾ?’ ಎಂದು ಕೇಳುತ್ತಾಳೆ. ಊಟವೇ ಮಾಡದ ಯಂತ್ರ ‘ಆಯ್ತು. ನಿಂದು?’ ಎನ್ನುತ್ತದೆ. ಗುಂಪಿನವರೆಲ್ಲ ಅದನ್ನೇ ನಮಸ್ಕಾರದ ಬದಲು ಬಳಸತೊಡಗಿದರು. ರವಿಕಿರಣನಂತೂ ದಿನಾ ಮಧ್ಯಾಹ್ನ ಒಂದು ಗಂಟೆಗೆ ‘ಊಟ ಆತೇನು?’ ಎಂದು ತನ್ನ ಊರಿನ ಮಾತಿನಲ್ಲೇ ಮೆಸೇಜ್ ಹಾಕುತ್ತಿದ್ದ. ನಾನು ‘ಆಯ್ತು. ನಿಂದು?’ ಎಂದು ಬರೆಯುತ್ತಿದ್ದೆ. ಒಂದು ದಿನವೂ ತಪ್ಪಿಸಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಬರೆದಿದ್ದೇನೆ.

ಕಳೆದ ಶ್ರಾವಣದಲ್ಲಿ ‘ಕಡೆಯ ಕಕ್ಷೆ’ ಸಿನಿಮಾ ಆಗುತ್ತಿದೆ ಎಂಬ ಸುದ್ದಿ ಬಂತು. ಆ ಭಾನುವಾರವೇ ರವಿಕಿರಣ ಬನ್ನು ಮುರಿಯುತ್ತಾ, ಏನೋ ಸುಮ್ಮನೆ ಹೊಳೆದವನ ಹಾಗೆ ಕೇಳಿದ.

“ಸಿನಿಮಾದಾಗ ಕೋಬು ಸಾಯ್ತೈತಿ ಅಂತ ಇಟ್ಕೋರಿ. ಈರಾ ಊಟ ಆಯ್ತಾ ಅಂತ ಕೇಳ್ತಾಳ. ಆಗ ಅದು ಏನಂತೈತಿ?”

“ಸಾಯೋದಿಲ್ಲ ಬಿಡು. ಸತ್ತೋದ್ರೆ ಬೊಂಬೆ ಯಾರ್ ತಗೋತಾರೆ?” ಅಂದ ಬಾಲರಾಜ್.

“‘ಆಯ್ತು’ ಅಂತಾನೇ ಅನ್ನುತ್ತೆ. ಕೊನೇವರ್ಗೂ ಸುಳ್ಳೇ” ಅಂದ ಜೀಷಾನ್.

“ಇಲ್ಲ ಕಣೋ” ಅಂದೆ ನಾನು. “ಕೊನೇಲಾದ್ರೂ ನಿಜ ಹೇಳ್ಬೇಕು. ‘ಇಲ್ಲ’ ಅನ್ಬೇಕು. ಅಷ್ಟೇ, ಒಂದೇ ಮಾತು. ನಮ್ಮಮ್ಮ ಒಂದ್ಸಲಾನೂ ಇಲ್ಲ ಅನ್ಲಿಲ್ಲ. ಅಂದಿದ್ರೆ ಅಪ್ಪ ಅವತ್ತೇ ಕೆಲ್ಸ ಬಿಟ್ಟು ಓಡಿ ಬರ್ತಿದ್ರು.”

ಬಾಲರಾಜ್ ಕೈಲಿದ್ದ ಬನ್ನು ಕೆಳಗಿಟ್ಟ. ಆಮೇಲೆ ಹೂಂ, ಹೂಂ, ಹೂಂ. ನನ್ನದೂ ಸೇರಿ ನಾಲ್ಕು. ಇನ್ನೂ ತೆರೆಗೆ ಬಾರದ ಸಿನಿಮಾದ ಸಾಲಿಗೆ ನಾಲ್ಕು ಹೂಂ ಹಾಕಿದ ಮೂರ್ಖರು ನಾವು. ರವಿಕಿರಣ ಫೋನಿನಲ್ಲಿ ಅದನ್ನು ಬರೆದುಕೊಂಡ. ನಾನು ನೋಡಿದೆ. ಎಷ್ಟು ಶ್ರದ್ಧೆ ಈ ಹುಡುಗನಿಗೆ ಅಂದುಕೊಂಡೆ.

ಸಿನಿಮಾ ಕನ್ನಡದಲ್ಲೂ ಬರುತ್ತದೆ ಎಂದು ಜನವರಿಯಲ್ಲಿ ಗೊತ್ತಾದಾಗ ನಾವು ಕುಣಿದೆವು. ರವಿಕಿರಣ ನಮಗಿಂತ ಜೋರಾಗಿ ಕುಣಿದ.

“ಯಾರ್ ಬರೀತಾರೋ ಏನೋ, ಕೆಡಿಸ್ದೇ ಇದ್ರೆ ಸಾಕು” ಅಂದೆ.

“ಚಲೋನ ಬರೀತಾರ ಬಿಡು” ಅಂದ, ನನ್ನ ಮುಖ ನೋಡಿಕೊಂಡೇ.

ಏಪ್ರಿಲ್‌ನಲ್ಲಿ, ಹೆಬ್ಬಾಳದ ಹತ್ತಿರದ ಮಾಲ್‌ನಲ್ಲಿ, ಮೊದಲ ದಿನ ಬೆಳಗಿನ ಆಟ. ನಾಲ್ಕು ಟಿಕೆಟನ್ನೂ ರವಿಕಿರಣನೇ ತೆಗೆಸಿದ್ದ, ಪಾಪ್‌ಕಾರ್ನನ್ನೂ ಅವನೇ ಕೊಡಿಸಿದ. ಬಾಲರಾಜ್ ಅಂಗಡಿಗೆ ಬೀಗ ಹಾಕಿ ಬಂದಿದ್ದ. ನಾನು ವರ್ಷಕ್ಕೊಮ್ಮೆಯೂ ಕೇಳದ ರಜೆ ಕೇಳಿ ಬಂದಿದ್ದೆ. ದೀಪ ಆರಿತು. ತೆರೆಯ ಮೇಲೆ ಒಂದೊಂದೇ ಹೆಸರು ಮೂಡಿ ಮಾಯವಾಗುತ್ತಿದ್ದಾಗ ‘ಕನ್ನಡ ಸಂಭಾಷಣೆ: ರವಿಕಿರಣ’ ಎಂದು ಬಂತು.

ಜೀಷಾನ್ ಶಿಳ್ಳೆ ಹೊಡೆದುಬಿಟ್ಟ. ಸುಳ್ಳು ಹೇಳುವುದಿಲ್ಲ, ನನಗೂ ಕಣ್ಣು ತುಂಬಿತು. ನಮ್ಮವನು, ನಮ್ಮ ಪಕ್ಕ ಕೂತವನು, ಅಷ್ಟು ದೊಡ್ಡ ಅಕ್ಷರದಲ್ಲಿ! ಯಾಕೆ ಹೇಳಲಿಲ್ಲ ಎಂಬ ಸಣ್ಣ ಮುಳ್ಳೊಂದು ಚುಚ್ಚಿತು, ಆದರೆ ಅವನ ಭುಜ ತಟ್ಟಿದೆ. ಅವನು ನಕ್ಕ.

ಆಮೇಲೆ ನಮ್ಮ ಮಾತುಗಳು ಬರತೊಡಗಿದವು. ಬಾಲರಾಜ್ ಹಟ ಹಿಡಿದು ಉಳಿಸಿದ್ದ ಬೈಗುಳ. ಜೀಷಾನ್ ಒಂದು ತಿಂಗಳು ತಲೆ ಕೆಡಿಸಿಕೊಂಡು ನೌಕೆಯ ಭಾಗಗಳಿಗೆ ಹುಡುಕಿದ್ದ ಹೆಸರುಗಳು. ನನ್ನವು ಎಷ್ಟೋ. ಕತ್ತಲಲ್ಲಿ ಬಾಲರಾಜ್ ಪ್ರತಿ ಸಾಲಿಗೂ ಮೆಲ್ಲನೆ “ನಮ್ದು” ಅನ್ನುತ್ತಿದ್ದ. ಮೊದಮೊದಲು ಖುಷಿಯಿಂದ ಅನ್ನುತ್ತಿದ್ದ. ಮಧ್ಯಂತರದ ಹೊತ್ತಿಗೆ ಅನ್ನುವುದನ್ನು ನಿಲ್ಲಿಸಿದ್ದ.

‘ಊಟ ಆಯ್ತಾ?’ ಮೊದಲ ಸಲ ಬಂದಾಗ ಇಡೀ ಚಿತ್ರಮಂದಿರ ಗೊಳ್ಳೆಂದು ನಕ್ಕಿತು. ಇರಲಿ, ಯಂತ್ರಕ್ಕೆ ಊಟ ಕೇಳಿದರೆ ನಗು ಬರುವುದು ಸಹಜ, ಕೊನೆಗೆ ಗೊತ್ತಾಗುತ್ತದೆ ಇವರಿಗೆ ಎಂದು ನಾನು ಕಾದೆ. ಕೊನೆ ಬಂತು. ಕೋಬು ನಿಜವಾಗಿಯೂ ಸಾಯುತ್ತಿತ್ತು. ಮೊದಲ ಬಾರಿಗೆ ಅದು ಈರಾಳ ಕಡೆ ಬೆನ್ನು ತಿರುಗಿಸಿತು. ಆರಿಹೋಗುತ್ತಿದ್ದ ಕೆಂಪು ದೀಪವನ್ನು ಅವಳು ನೋಡಿದಳು. ಅವಳು ಕೇಳಿದಳು, “ಊಟ ಆಯ್ತಾ?”

“ಎಲ್ಲಿ ಆಯ್ತು ಗುರು? ಒಂದ್ ಬಿರಿಯಾನಿ ಪಾರ್ಸಲ್ ಹೇಳು. ಲೆಗ್ ಪೀಸ್ ಇರ್ಲಿ!”

ಜನ ಬಿದ್ದು ಬಿದ್ದು ನಕ್ಕರು. ಹಿಂದಿನ ಸೀಟಿನವನು ಕಾಲು ಬಡಿದ. ತೆರೆಯ ಮೇಲೆ ಈರಾ ಅಳುತ್ತಿದ್ದಳು.

ಹೊರಗೆ ಬಂದಾಗ ರವಿಕಿರಣ ಎಸ್ಕಲೇಟರ್ ಪಕ್ಕ ನಮ್ಮತ್ತ ತಿರುಗಿ ನಿಂತು, “ಹೆಂಗಿತ್ತು?” ಎಂದ. ಬಹುಮಾನ ಗೆದ್ದ ಮಗುವಿನ ಮುಖ.

“ಎಂಟ್ ತಿಂಗ್ಳು ಮಚ್ಚಾ. ನಮ್ ಎದುರಿಗೇ ಕೂತಿದ್ದೆ” ಅಂದ ಜೀಷಾನ್.

“ಯಾರಿಗೂ ಹೇಳೂದಿಲ್ಲ ಅಂತ ಸಹಿ ಮಾಡಿಸ್ಕೊಂಡಿದ್ರು. ಇವತ್ತ ಸರ್‌ಪ್ರೈಸ್ ಕೊಡೂಣು ಅಂತ...”

“ನಮ್ ಎಸ್ರು ಎಲ್ಲೋಯ್ತು?” ಬಾಲರಾಜ್ ಕೇಳಿದ.

“ಹೆಸ್ರು ಹಾಳಾಗೋಗ್ಲಿ” ಎಂದು ನಾನು ನಡುವೆ ಬಂದೆ. “ಬಿರಿಯಾನಿ ಯಾರ್ ಬರ್ದಿದ್ದು? ಅವ್ರು ಹಾಕ್ಸಿದ್ರಾ?”

ಹೌದು ಅಂದುಬಿಡೋ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ. ಸಿನಿಮಾ ಕಂಪನಿಯವರ ಮೇಲೆ ಹಾಕಿದ್ದರೆ ಕಣ್ಣು ಮುಚ್ಚಿ ನಂಬುತ್ತಿದ್ದೆ.

“ನಾನ ಬರ್ದೆ” ಅಂದ. “ಮೂಲದಾಗ ಒಂದ ಶಬ್ದ ಐತಿ, ‘ಇಲ್ಲ’ ಅಂತ. ನಾವು ಅವತ್ತ ಹೇಳಿದ್ದ ಸರಿ ಇತ್ತು. ಮೊದಲ ಹಂಗ ಬರ್ದಿದ್ದೆ. ರೆಕಾರ್ಡಿಂಗ್‌ನಾಗ ಊಟ ಆಯ್ತಾ ಅಂದ ಕೂಡ್ಲೇ ಎಲ್ಲಾರೂ ನಕ್ರು. ನಗೂ ಜಾಗದಾಗ ಅಳು ಯಾಕ ತರಬೇಕು ಅನಿಸ್ತು. ನೋಡಿದಿಲ್ಲ, ಜನ ಹೆಂಗ ನಕ್ರು?”

“ಅದೆಲ್ಲಿಂದ ಬಂದ ಮಾತು ಅಂತ ನಿಂಗೊತ್ತಿತ್ತು.”

“ಅದು ನಿಮ್ಮವ್ವನ ಕಥಿ ವನಿತಾ. ಇದು ಒಂದು ಯಂತ್ರದ ಕಥಿ. ಎರಡೂ ಕೂಡಿಸಬ್ಯಾಡ.”

ಆ ಕೋಣೆಯಲ್ಲಿ ಎರಡನ್ನೂ ಕೂಡಿಸಿದಾಗ ಮೊದಲ ಹೂಂ ಹಾಕಿದವನು ಇವನು. ಅರ್ಧ ಉಳಿದಿದ್ದ ಪಾಪ್‌ಕಾರ್ನ್ ಡಬ್ಬಿಯನ್ನು ಅವನ ಕೈಗಿಟ್ಟು ಬಸ್‌ಸ್ಟಾಪಿಗೆ ನಡೆದೆ.

ಆ ಮಾತು ವಾರದಲ್ಲಿ ಊರೆಲ್ಲ ಹಬ್ಬಿತು. ಬಸ್ಸಿನಲ್ಲಿ ಕಾಲೇಜು ಹುಡುಗರು, ಕಂಪನಿಯ ಕ್ಯಾಂಟೀನಿನಲ್ಲಿ ನಮ್ಮ ಸೂಪರ್‌ವೈಸರ್, ಯಾರು ನೋಡಿದರೂ ಊಟ ಆಯ್ತಾ, ಲೆಗ್ ಪೀಸ್ ಇರ್ಲಿ. ಒಂದು ಸಂಜೆ ಮನೆಗೆ ಬಂದರೆ ಪಕ್ಕದ ಮನೆಯ ಸುಬ್ಬಮ್ಮನವರು ಫೋನ್ ಹಿಡಿದು ನಮ್ಮಮ್ಮನಿಗೆ, ಕೋಬು ಪ್ರತಿ ಸಲ ‘ಆಯ್ತು’ ಅನ್ನುವುದನ್ನೂ ಕೊನೆಯ ಬಿರಿಯಾನಿಯನ್ನೂ ಸೇರಿಸಿದ ತುಣುಕನ್ನು ತೋರಿಸುತ್ತಿದ್ದರು. ಕಿತ್ತುಕೊಳ್ಳಬೇಕೆನಿಸಿತು. ಕೈ ಬರಲಿಲ್ಲ. ಸುಬ್ಬಮ್ಮನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಎದ್ದು ಹೋದರು. ಅಮ್ಮನೂ ನಕ್ಕಿದ್ದಳು. ಆಮೇಲೆ ಹೂಕೋಸು ಬಿಡಿಸುತ್ತಾ, ತಲೆ ಎತ್ತದೆ ಕೇಳಿದಳು.

“ಅಲ್ಲ ಕಣೇ ವನಿತಾ, ಅದು ಅಷ್ಟ್ ದಿನ ‘ಆಯ್ತು’ ಅಂದಿದ್ದೂ ಸುಳ್ಳೇ ಇರ್ಬೇಕಲ್ವಾ? ಪಾಪ.”

ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಒಂದು ನಿಮಿಷದ ತುಣುಕು ನೋಡಿದ ಅಮ್ಮನಿಗೆ ಗೊತ್ತಾಯಿತು. ಆರು ವರ್ಷ ಜೊತೆಗೆ ಕೂತು ನೋಡಿದವನಿಗೆ ಗೊತ್ತಿದ್ದೂ ಬೇಡವಾಯಿತು.

ಭಾನುವಾರಗಳು ನಿಂತಿವೆ. ಬಾಲರಾಜ್ ಟಿ.ವಿ.ಯನ್ನು ಕೆಳಗೆ ಅಂಗಡಿಗೆ ಇಳಿಸಿದ್ದಾನೆ. ನಾವು ಮೂವರೇ ಸೇರೋಣ ಎಂದು ಜೀಷಾನ್ ಒಮ್ಮೆ ಅಂದ, ಆದರೆ ಮೂರು ಹೂಂ ಇಟ್ಟುಕೊಂಡು ಏನು ಮಾಡುವುದು ಎಂದು ಅವನೇ ಸುಮ್ಮನಾದ. ಸಿನಿಮಾದ ಎರಡನೇ ಭಾಗವೂ ಬರುತ್ತದಂತೆ, ಅದನ್ನೂ ಅವನೇ ಬರೆಯುತ್ತಾನಂತೆ.

ನಿನ್ನೆ ಮಧ್ಯಾಹ್ನ ಒಂದು ಗಂಟೆಗೆ, ಇಪ್ಪತ್ತಮೂರು ದಿನಗಳ ಮೇಲೆ, ಅವನ ಮೆಸೇಜ್ ಬಂತು.

‘ಊಟ ಆತೇನು?’

ನನ್ನ ಮುಂದೆ ಊಟದ ಡಬ್ಬಿ ಇತ್ತು, ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಕ್ಷಮಿಸು ಎಂದು ಬರೆದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಏನೂ ಆಗಿಲ್ಲವೆಂಬಂತೆ ಅದೇ ಮಾತು. ಬಹಳ ಹೊತ್ತು ನೋಡಿದೆ. ಅವನು ಆನ್‌ಲೈನಿನಲ್ಲೇ ಇದ್ದ, ಕಾಯುತ್ತಿದ್ದ. ‘ಇಲ್ಲ’ ಎಂದು ಬರೆಯೋಣ ಅನಿಸಿತು. ಆದರೆ ಇಲ್ಲ ಅನ್ನುವುದು ಓಡಿ ಬರುವವರಿಗೆ.

‘ಆಯ್ತು’ ಎಂದು ಬರೆದೆ. ‘ನಿಂದು?’ ಎಂದು ಕೇಳಲಿಲ್ಲ. ಫೋನನ್ನು ಬೋರಲು ಹಾಕಿ, ಡಬ್ಬಿಯ ಮುಚ್ಚಳ ತೆಗೆದೆ.